ಸರಸ್ವತಿಯ ಮುಂದಿಟ್ಟ ಓಟು

ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್ ಸುತ್ತಮುತ್ತಲಿನ ಕನ್ನಡದವರಿಗೆ ಕಾಗದಪತ್ರದ ತಾಪತ್ರಯ ಬಂತೆಂದರೆ ಮೊದಲು ನೆನಪಾಗುವುದು ಸುಧಾಮಣಿ. ಪಾಸ್‌ಪೋರ್ಟ್ ನವೀಕರಣವಿರಲಿ, ಊರಿನಿಂದ ಬರುವ ಅತ್ತೆ ಮಾವನ ವೀಸಾ ಇರಲಿ, ಅವರ ಊಟದ ಮೇಜಿನ ಮೇಲೆ ಹರಡಿದರೆ ಸಾಕು, ಕನ್ನಡಕ ಏರಿಸಿ ಕೂತುಬಿಡುತ್ತಾರೆ. ಔಷಧ ಕಂಪನಿಯೊಂದರ ದಾಖಲೆ ವಿಭಾಗದಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಅಷ್ಟು ವರ್ಷದಲ್ಲಿ ಒಂದೇ ಒಂದು ಕಾಗದ ಗಡುವು ದಾಟಲಿಲ್ಲ ಎಂದು ನಿವೃತ್ತಿಯ ದಿನ ಮೇಲಧಿಕಾರಿ ಹೊಗಳಿದ್ದನ್ನು ಅವರು ಕನಿಷ್ಠ ನೂರು ಜನರಿಗೆ ಹೇಳಿದ್ದಾರೆ. ಹೇಳಿಕೊಳ್ಳಲಿ ಬಿಡಿ, ಅದು ನಿಜವೇ. ಆದರೆ ಈಚೆಗೆ ಆ ಮಾತು ಅವರ ಬಾಯಲ್ಲಿ ಬರುತ್ತಿಲ್ಲ.

ಅದಕ್ಕೆ ಕಾರಣ ಡ್ರೈವ್‌ವೇ ಆಚೆಗಿನ ಮನೆಯ ಓನಾ ಎಂಬ ಅಜ್ಜಿ. ಸುಧಾಮಣಿ ಕರೆಯುತ್ತಿದ್ದುದು ಓನಮ್ಮ ಎಂದು. ಹುಟ್ಟಿದ್ದು ಲಿಥುವೇನಿಯಾ ಎಂಬ ಪುಟ್ಟ ದೇಶದಲ್ಲಿ. ಆರು ವರ್ಷದವರಿದ್ದಾಗ ಯುದ್ಧ ಬೆನ್ನಟ್ಟಿ ಬಂದು, ಅಪ್ಪನ ಹೆಗಲೇರಿ ಊರು ಬಿಟ್ಟವರು. ಆ ಅಪ್ಪ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಬೆನ್ನು ಬಾಗಿಸಿ ದುಡಿದರು. ಪರರ ವಶವಾಗಿದ್ದ ತನ್ನ ದೇಶ ಮತ್ತೆ ತನ್ನದಾದರೆ ಇನ್ನೊಂದೇ ಒಂದು ಸಲ ಓಟು ಹಾಕಿ ಸಾಯಬೇಕು ಎನ್ನುತ್ತಿದ್ದರಂತೆ. ಅದು ಆಗಲಿಲ್ಲ. ಅವರು ತೀರಿಕೊಂಡು ಐದಾರು ವರ್ಷಕ್ಕೆ ದೇಶ ಸ್ವತಂತ್ರವಾಯಿತು. ಅಲ್ಲಿಂದ ನಾಲ್ಕು ವರ್ಷಕ್ಕೊಮ್ಮೆ ಬರುವ ಪಾರ್ಲಿಮೆಂಟ್ ಚುನಾವಣೆಗೆ ಓನಮ್ಮ ಒಂದನ್ನೂ ತಪ್ಪಿಸದೆ ಎಂಟು ಸಲ ಓಟು ಹಾಕಿದ್ದರು. ಮೊದಲು ಗಂಡ ಮ್ಯಾನ್‌ಹಟನ್ನಿನಲ್ಲಿರುವ ಆ ದೇಶದ ಕಾನ್ಸುಲೇಟಿಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದರು, ಆಮೇಲೆ ಅಂಚೆಯಲ್ಲಿ ಕಳಿಸುವುದಾಯಿತು. ಅಪ್ಪನ ಪಾಲಿನದನ್ನೂ ನಾನೇ ಹಾಕುತ್ತಿದ್ದೇನೆ ಎನ್ನುತ್ತಿದ್ದರು.

ಗಂಡ ಹೋದ ಮೇಲೆ, ಮಗಳು ದೂರದ ಆರೆಗಾನ್‌ನಲ್ಲಿ ಇದ್ದುದರಿಂದ, ಅಜ್ಜಿಯನ್ನು ಅಂಗಡಿಗೆ, ಡಾಕ್ಟರ ಹತ್ತಿರ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದುದು ಸುಧಾಮಣಿಯೇ. ಓನಮ್ಮ ಕಪ್ಪು ರೈ ಬ್ರೆಡ್ ಕೊಡುತ್ತಿದ್ದರು, ಇವರು ಸಾರು ಕೊಡುತ್ತಿದ್ದರು. ಅಜ್ಜಿ ಅದನ್ನು ಅನ್ನವಿಲ್ಲದೆ ಚಮಚದಲ್ಲಿ ಕುಡಿದು ಸೂಪು ಚೆನ್ನಾಗಿದೆ ಅನ್ನುವುದು, ಇವರು ಅಯ್ಯೋ ಎಂದು ನಗುವುದು ವಾರದ ಪದ್ಧತಿಯಾಗಿತ್ತು.

ಎರಡು ಸಾವಿರದ ಇಪ್ಪತ್ತನಾಲ್ಕರ ಅಕ್ಟೋಬರ್. ಹದಿಮೂರನೇ ತಾರೀಕು ಭಾನುವಾರ ಅಲ್ಲಿ ಚುನಾವಣೆ. ಹಿಂದಿನ ಬುಧವಾರ ಮಧ್ಯಾಹ್ನ ಓನಮ್ಮ ಕೋಲೂರಿಕೊಂಡು ಬಂದು, ಕಾನ್ಸುಲೇಟಿನ ವಿಳಾಸ ಬರೆದ ಲಕೋಟೆಯನ್ನು ಸುಧಾಮಣಿಯ ಕೈಗಿಟ್ಟರು. ಕಣ್ಣು ಮಂಜಾಗಿತ್ತು, ಸರಿಯಾಗಿ ಅಂಟಿದೆಯೋ ಇಲ್ಲವೋ ಎಂದು ಬೆರಳಲ್ಲಿ ಸವರಿ ಸವರಿ ನೋಡಿದರು.

“ಸುಧಾ, ಇದು ನನ್ನ ಕೊನೇದು,” ಎಂದರು. “ನಿನ್ನ ಕೈಯಿಂದ ಹೋಗಲಿ. ನೀನಾದರೆ ನನಗೆ ನಿಶ್ಚಿಂತೆ.”

ಗಡುವು ಕೇಳದೆ ಕಾಗದ ಮುಟ್ಟದ ಹೆಂಗಸು ಅವತ್ತು ಕೇಳಲಿಲ್ಲ. ಎಷ್ಟೋ ವರ್ಷದಿಂದ ಎಲ್ಲರೂ ಇವರನ್ನೇ ಕೇಳಿ ಕೇಳಿ, ಇವರಿಗೆ ಇನ್ನೊಬ್ಬರನ್ನು ಕೇಳುವ ಅಭ್ಯಾಸವೇ ತಪ್ಪಿಹೋಗಿತ್ತು. ಬೆಳಗ್ಗೆ ಪೋಸ್ಟ್ ಆಫೀಸಿಗೆ ತಾನೇ ಹೋಗಿ ಕೊಟ್ಟರಾಯಿತು ಅಂದುಕೊಂಡರು.

ಅವತ್ತು ಸಂಜೆ ಮನೆಯಲ್ಲಿ ಸರಸ್ವತಿ ಪೂಜೆ. ಮಾರಿಸ್‌ಟೌನಿನಿಂದ ಬಂದಿದ್ದ ಮೊಮ್ಮಗಳು ಆನ್ಯಾ ತನ್ನ ಗಣಿತದ ಪುಸ್ತಕ ತಂದಿಟ್ಟಳು, ಗಂಡ ಶ್ರೀನಿ ಹಳೆಯ ಎಂಜಿನಿಯರಿಂಗ್ ಪುಸ್ತಕ ಇಟ್ಟರು. ಸುಧಾಮಣಿಯ ಕಣ್ಣು ಮೇಜಿನ ಮೇಲಿದ್ದ ಲಕೋಟೆಯ ಮೇಲೆ ಬಿತ್ತು. ಎಂಬತ್ತು ವರ್ಷದ ಆಸೆಯೊಂದು ಕಾಗದವಾಗಿ ಕೂತಿದೆ. ಒಂದು ರಾತ್ರಿ ತಾಯಿಯ ಮುಂದೆ ಇರಲಿ ಅನ್ನಿಸಿತು. ಪುಸ್ತಕಗಳ ಮೇಲಿಟ್ಟು ಎರಡು ಅಕ್ಷತೆ ಹಾಕಿದರು. ಪ್ರೀತಿಯಿಂದಲೇ ಮಾಡಿದ್ದು, ಅದರಲ್ಲಿ ಎರಡು ಮಾತಿಲ್ಲ.

ಗುರುವಾರ ಬೆಳಗ್ಗೆ ಕಾರಿನ ಕೀ ಹಿಡಿದು ಲಕೋಟೆಗೆ ಕೈ ಚಾಚಿದವರು ಹಾಗೇ ನಿಂತರು. ಸರಸ್ವತಿಯ ಮುಂದೆ ಇಟ್ಟಿದ್ದನ್ನು ವಿಜಯದಶಮಿಯ ವಿಸರ್ಜನೆಗೆ ಮುಂಚೆ ಕದಲಿಸಬಾರದು. ಮೈಸೂರಿನ ಮನೆಯಲ್ಲಿ ಒಮ್ಮೆ ಪರೀಕ್ಷೆ ಇದೆ ಅಂತ ನೋಟ್ಸ್ ಎಳೆದುಕೊಂಡಿದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಶ್ರೀನಿಯನ್ನು ಕೇಳಿದರು. ಶ್ರೀನಿಗೆ ಗೊತ್ತಿಲ್ಲದ ವಿಷಯ ಯಾವುದಿದೆ?

“ನಮ್ಮ ಮೇಲ್ ಬ್ಯಾಲೆಟ್ ಥರಾನೇ ಕಣೇ. ಎಲೆಕ್ಷನ್ ಡೇ ಒಳಗೆ ಪೋಸ್ಟ್‌ಮಾರ್ಕ್ ಬಿದ್ರೆ ಸಾಕು,” ಎಂದರು ಅವರು, ಕಾಫಿ ಲೋಟದಿಂದ ತಲೆ ಎತ್ತದೆ. “ಶನಿವಾರ ದಶಮಿ. ಅವತ್ತೇ ಹಾಕು, ಒಳ್ಳೇ ದಿನ.”

ನ್ಯೂಜೆರ್ಸಿಯಲ್ಲಿ ಅಂಚೆಯಲ್ಲೇ ಓಟು ಹಾಕಿ ರೂಢಿಯಿದ್ದ ಸುಧಾಮಣಿಗೂ ಅದು ಸರಿಯೆನ್ನಿಸಿತು. ನಡುವೆ ಇದ್ದದ್ದು ಒಂದು ಡ್ರೈವ್‌ವೇ. ದಾಟಿ ಹೋಗಿ ಒಂದು ಮಾತು ಕೇಳಬಹುದಿತ್ತು. ಹೋಗಲಿಲ್ಲ. ಶನಿವಾರ ವಿಸರ್ಜನೆ ಮುಗಿಸಿ, ಲಕೋಟೆಯ ಮೂಲೆಗೆ ತಗುಲಿದ್ದ ಕುಂಕುಮ ಒರೆಸಿ, ಕೌಂಟರಿನಲ್ಲಿ ನಿಂತು ತಾರೀಕಿನ ಮುದ್ರೆ ಕಣ್ಣೆದುರೇ ಹಾಕಿಸಿ, ಹಿಗ್ಗಿನಿಂದ ಮನೆಗೆ ಬಂದರು.

ಭಾನುವಾರ ಬೆಳಗ್ಗೆ ಹಬ್ಬದ ಹೋಳಿಗೆ ತೆಗೆದುಕೊಂಡು ಹೋದಾಗ ಓನಮ್ಮ ಇಸ್ತ್ರಿ ಮಾಡಿದ ನೀಲಿ ಬ್ಲೌಸ್ ತೊಟ್ಟು, ಕತ್ತಿಗೆ ಜೇನುಬಣ್ಣದ ಅಂಬರ್ ಮಣಿಸರ ಹಾಕಿಕೊಂಡು ಕೂತಿದ್ದರು. ಹಿಂದೆ ಊರಿನಲ್ಲಿದ್ದಾಗ ಚುನಾವಣೆಯ ದಿನ ಅವರ ಅಪ್ಪನೂ ಹಾಗೇ ಸಿಂಗರಿಸಿಕೊಂಡು ಹೋಗುತ್ತಿದ್ದರು ಅಂತ ಅವರ ಅಮ್ಮ ಹೇಳುತ್ತಿದ್ದರಂತೆ. ಹೋಳಿಗೆ ಮುರಿಯುತ್ತ ಅಜ್ಜಿ ಸಲೀಸಾಗಿ ಹೇಳಿದರು: ಇವತ್ತು ಕಾನ್ಸುಲೇಟಿನಲ್ಲಿ ಲಕೋಟೆಗಳನ್ನು ಒಡೆದು ಎಣಿಸುತ್ತಾರೆ, ಇವತ್ತಿನೊಳಗೆ ಕೈಸೇರದ್ದು ಲೆಕ್ಕಕ್ಕಿಲ್ಲ, ಕಾಲಲ್ಲಿ ಶಕ್ತಿಯಿದ್ದಿದ್ದರೆ ತಾನೇ ಹೋಗಬಹುದಿತ್ತು, ಇನ್ನೂ ಕೆಲವು ಗಂಟೆ ಬಾಗಿಲು ತೆರೆದಿರುತ್ತದೆ.

ಆಮೇಲೆ ಕೇಳಿದರು. “ನನ್ನದು ತಲುಪಿರುತ್ತೆ, ಅಲ್ವಾ ಸುಧಾ?”

ನಿನ್ನೆ ಹಾಕಿದ ಕಾಗದ ಇವತ್ತು ತಲುಪುವುದುಂಟೇ. ನಾಳೆ ಸೋಮವಾರವೂ ಅಂಚೆಗೆ ರಜೆ. ಆದರೆ ಕಾರು ಹೊರಗೇ ನಿಂತಿತ್ತು, ಕೀ ಜೇಬಿನಲ್ಲೇ ಇತ್ತು. ತಪ್ಪಾಯ್ತು ಓನಮ್ಮ, ಎದ್ದೇಳಿ, ಕರೆದುಕೊಂಡು ಹೋಗ್ತೀನಿ ಅಂದಿದ್ದರೆ ಒಂದೂವರೆ ಗಂಟೆಯ ದಾರಿ. ಕಳಿಸಿದ ಓಟು ತಲುಪಿಲ್ಲ ಎಂದರೆ ಅಲ್ಲಿ ಹೊಸದಾಗಿ ಹಾಕಲು ಬಿಡುತ್ತಿದ್ದರೋ ಇಲ್ಲವೋ, ಆ ಮಾತು ಬೇರೆ. ಹೊರಡಬಹುದಿತ್ತು. ಅಜ್ಜಿ ತಯಾರಾಗಿಯೇ ಕೂತಿದ್ದರಲ್ಲ!

“ಹೂಂ, ತಲುಪಿರುತ್ತೆ,” ಎಂದರು ಸುಧಾಮಣಿ.

ಆ ಮಾತು ಬಂದದ್ದು ಮರ್ಯಾದೆಯ ಹೆದರಿಕೆಯಿಂದ, ಬೇರೇನೂ ಅಲ್ಲ. ತಡವಾಗಿದ್ದಕ್ಕೆ ದೇವರ ನೆಪ ಹೇಳಬಹುದು, ಶ್ರೀನಿಯ ತಲೆಗೂ ಕಟ್ಟಬಹುದು. ಈ ಸುಳ್ಳಿಗೆ ಯಾವ ನೆಪವೂ ಇಲ್ಲ ಎಂಬುದು ಸುಧಾಮಣಿಗೆ ಮನೆ ತಲುಪುವ ಮೊದಲೇ ಗೊತ್ತಾಗಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ದಿನ ತಳ್ಳಿದರು. ಎರಡು ವಾರಕ್ಕೆ ಎರಡನೇ ಸುತ್ತಿನ ಮತದಾನವಿತ್ತು. ಅಷ್ಟರಲ್ಲಿ ಓನಮ್ಮ ಆಸ್ಪತ್ರೆ ಸೇರಿದ್ದರು. ಒಂದು ಓಟಿನಿಂದ ಅಲ್ಲೇನೂ ಬದಲಾಗಿಲ್ಲ ಬಿಡು ಎಂದು ಶ್ರೀನಿ ಸಮಾಧಾನ ಮಾಡಿದರು. ಓಟು ತಡವಾದದ್ದು ಅವರಿಗೆ ಗೊತ್ತಿತ್ತು, ಭಾನುವಾರ ಹೇಳಿದ ಸುಳ್ಳು ಗೊತ್ತಿರಲಿಲ್ಲ. ಫೆಬ್ರವರಿಯಲ್ಲಿ ಓನಮ್ಮ ತೀರಿಕೊಂಡರು.

ಮನೆ ಖಾಲಿ ಮಾಡಲು ಬಂದ ಮಗಳು ಒಂದು ಸಣ್ಣ ಹಸಿರು ನೋಟ್‌ಬುಕ್ ತಂದುಕೊಟ್ಟಳು. ಅಮ್ಮ ಇದನ್ನು ನಿಮಗೇ ಕೊಡು ಅಂದಿದ್ದಳು ಎಂದಳು. ಒಳಗೆ ಒಂಬತ್ತು ಸಾಲು. ಒಂದೊಂದರಲ್ಲೂ ಚುನಾವಣೆಯ ವರ್ಷ, ಪಕ್ಕದಲ್ಲಿ ಆ ಓಟನ್ನು ತಲುಪಿಸಿದವರ ಹೆಸರು. ಹೆಚ್ಚಿನದು ಗಂಡನ ಹೆಸರು, ಒಂದು ಮಗಳದು. ಕೊನೆಯ ಸಾಲು ಅಂಕುಡೊಂಕಾಗಿತ್ತು: 2024, ಸುಧಾ. ಆಸ್ಪತ್ರೆಯಲ್ಲಿ ನರ್ಸುಗಳಿಗೆಲ್ಲ ಆ ಸಾಲನ್ನೇ ತೋರಿಸುತ್ತಿದ್ದಳು ಎಂದು ಮಗಳು ಕಣ್ಣೊರೆಸಿಕೊಂಡು ಸುಧಾಮಣಿಯನ್ನು ತಬ್ಬಿಕೊಂಡಳು. ಆಗಲೂ ಬಾಯಿ ಬಿಡಲಾಗಲಿಲ್ಲ.

ಮರುವರ್ಷ ನವರಾತ್ರಿ ಬಂತು. ಸರಸ್ವತಿಯ ಮುಂದೆ ಪುಸ್ತಕ ಜೋಡಿಸುತ್ತಿದ್ದ ಆನ್ಯಾ ಕಪಾಟಿನಿಂದ ಆ ಹಸಿರು ನೋಟ್‌ಬುಕ್ಕನ್ನೂ ಎತ್ತಿಕೊಂಡು ಬಂದಳು. “ದಿಸ್ ಒನ್ ಟೂ, ಅಜ್ಜಿ?”

ಸುಧಾಮಣಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು ನೆಲದ ಮೇಲೆಯೇ ಕೂತರು. ಹೂವು ಬಿಡಿಸುತ್ತಿದ್ದ ಶ್ರೀನಿ ತಲೆ ಎತ್ತಿದರು.

“ಇದು ಬೇಡ ಪುಟ್ಟಾ,” ಎಂದರು ಸುಧಾಮಣಿ. “ಇದರಲ್ಲಿ ಕೊನೇ ಸಾಲು ಸುಳ್ಳು. ಬರೆದದ್ದು ಓನಮ್ಮ. ಬರೆಸಿದ್ದು ನಾನು.”