ನನ್ನ ಸಾವಧಾನ, ಅವನ ಸಾವಧಾನ್

ಕನ್ನಡದಲ್ಲಿ ಸಾವಧಾನ ಎಂದರೆ ನಿಧಾನ, ಅವಸರ ಬೇಡ, ಉಸಿರು ತೆಗೆದುಕೊಂಡು ಮಾಡು ಎಂದರ್ಥ. ನಮ್ಮವ್ವ ದಿನವಿಡೀ ಹೇಳುತ್ತಿದ್ದ ಮಾತು ಅದು. ಬಿಸಿ ಹಾಲು ಕುಡಿಯುವಾಗ ಸಾವಧಾನ, ಮೆಟ್ಟಿಲಿಳಿಯುವಾಗ ಸಾವಧಾನ. ನಾನು ಹುಟ್ಟಿನಿಂದಲೇ ನಿಧಾನದವನಾದ್ದರಿಂದ ಆ ಪದ ನನಗೆ ಬಹಳ ಹಿಡಿಸಿತ್ತು. ಹಾಗಾಗಿ ಸೈನಿಕ ವಸತಿ ಶಾಲೆಯ ಮೊದಲ ಬೆಳಗ್ಗೆ ಡ್ರಿಲ್ ಉಸ್ತಾದರು ಮೈದಾನ ನಡುಗುವಂತೆ "ಸಾವಧಾನ್!" ಎಂದು ಕೂಗಿದಾಗ, ಇಷ್ಟು ದೊಡ್ಡ ಮೀಸೆಯ ಹಿಂದೆ ಎಷ್ಟು ಮೆತ್ತಗಿನ ಮನಸ್ಸಿದೆ ಎಂದು ಖುಷಿಪಟ್ಟೆ. ಕೈಕಾಲು ಸಡಿಲ ಬಿಟ್ಟು, ಬಿಚ್ಚಿಹೋಗಿದ್ದ ಬೂಟಿನ ಲಾಡಿಯನ್ನು ಆರಾಮವಾಗಿ ಕಟ್ಟಿಕೊಳ್ಳತೊಡಗಿದೆ. ನಮ್ಮ ಪ್ರಾಥಮಿಕ ಶಾಲೆಯ ಮೇಷ್ಟ್ರು ಪ್ರಾರ್ಥನೆಗೆ ನಿಲ್ಲಿಸುವಾಗ ಅಟೆನ್ಷನ್ ಅನ್ನುತ್ತಿದ್ದರು. ಅದನ್ನೇ ಹಿಂದಿಯಲ್ಲಿ ಸಾವಧಾನ್ ಅನ್ನುತ್ತಾರೆಂದು ನನಗೆ ಹೇಳಿದವರು ಯಾರು?

ಉಸ್ತಾದರೇ ಹೇಳಿದರು. ಮೈದಾನ ಸುತ್ತು ಹೊಡೆಸುತ್ತಾ ಹೇಳಿದರು. ತಿಂಡಿಯ ಹೊತ್ತಿಗೆ ನನಗೆ 'ಸಾವಧಾನಿ' ಎಂಬ ಹೆಸರು ಬಿದ್ದಾಗಿತ್ತು. ಅಪ್ಪ ಇಟ್ಟ ಹೆಸರು ಈಗ ಆಧಾರ್ ಕಾರ್ಡಿನಲ್ಲಿ ಮಾತ್ರ ಇದೆ.

ಆ ಹೆಸರಿಟ್ಟವನು ಹರಿಹರದ ಹುಡುಗ. ರಜೆ ಮುಗಿದು ಶಾಲೆಗೆ ಹೊರಟಾಗ ನಾನು ಮತ್ತು ಇನ್ನೊಬ್ಬ ಗೆಳೆಯ ದಾವಣಗೆರೆಯಲ್ಲಿ ರೈಲು ಹತ್ತಿದರೆ, ಅವನು ಮುಂದಿನ ನಿಲ್ದಾಣದಲ್ಲಿ ಕಬ್ಬಿಣದ ಟ್ರಂಕು ಹೊತ್ತು, ನಮ್ಮನ್ನು ಸರಿಸಿ ಕಿಟಕಿ ಪಕ್ಕ ಕೂರುತ್ತಿದ್ದ. ಕೊನೆಯ ವರ್ಷ ಅವನೇ ಪರೇಡ್ ಕಮಾಂಡರ್ ಆದ. ಗಂಟಲು ಹಾಗಿತ್ತು. ಅವನು ಸಾವಧಾನ್ ಎಂದರೆ ಅಡುಗೆಮನೆಯ ಬಾಣಸಿಗನೂ ಸೌಟು ಕೆಳಗಿಟ್ಟು ನೆಟ್ಟಗಾಗುತ್ತಿದ್ದ. ಎಡಗಾಲೆತ್ತಿ ಬಲಗಾಲಿನ ಪಕ್ಕ ಧಪ್ಪೆಂದು ಹೊಡೆದು ನಿಂತರೆ ಮುಗಿಯಿತು, 'ವಿಶ್ರಾಮ್' ಎನ್ನುವ ತನಕ ಮಿಸುಕುವಂತಿಲ್ಲ. ಮೂಗಿನ ಮೇಲೆ ನೊಣ ಬಂದು ಸಂಸಾರ ಹೂಡಿದರೂ ಓಡಿಸುವಂತಿಲ್ಲ. ನನ್ನ ಕಾಲು ಎಲ್ಲರದಕ್ಕಿಂತ ಒಂದು ಕ್ಷಣ ತಡವಾಗಿ ಬೀಳುತ್ತಿತ್ತು. ಆ ಒಂಟಿ ಧಪ್ಪು ಕೇಳಿದ ದಿನ ಕಮಾಂಡರ್ ಸಾಹೇಬರು ವಿಶ್ರಾಮ್ ಹೇಳುವುದನ್ನೇ ಮರೆತವರಂತೆ ಆಕಾಶ ನೋಡುತ್ತಿದ್ದರು. ಬಿಸಿಲಲ್ಲಿ ನಾನು ಮನಸ್ಸಿನೊಳಗೇ ಅವನ ವಂಶವನ್ನೆಲ್ಲ ಸ್ಮರಿಸುತ್ತಿದ್ದೆ.

ದೇಶ ಕಾಯಬೇಕಾಗಿದ್ದ ನಾವು ಮೂವರೂ ಪುಕ್ಕಲರೇನಲ್ಲ, ಆದರೆ ಒಬ್ಬೊಬ್ಬರಿಗೆ ಒಂದೊಂದು ಅಡ್ಡಿ ಬಂತು, ದೇಶ ಬಚಾವಾಯಿತು. ನಾನು ದಾವಣಗೆರೆಯಲ್ಲಿ ಸೀರೆ ಅಂಗಡಿ ಇಟ್ಟೆ. ಕಪಾಟಿನಲ್ಲಿರುವುದನ್ನೆಲ್ಲ ಬಿಡಿಸಿ ತೋರಿಸಿ, ಏನೂ ಕೊಳ್ಳದೆ ಹೋದವರಿಗೂ ಮತ್ತೆ ಬರ್ರಿ ಎನ್ನುವ ಕಸುಬಿಗೆ ನನ್ನ ನಿಧಾನ ಚೆನ್ನಾಗಿ ಒಗ್ಗಿತು. ರೈಲಿನ ಇನ್ನೊಬ್ಬ ಗೆಳೆಯ ತನ್ನ ಅಬ್ಬಾನ ಫರ್ನಿಚರ್ ಅಂಗಡಿಗೆ ಕೂತ. ಕಮಾಂಡರ್ ಹರಿಹರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿ, ಅಲ್ಲಿಯ ಯಂತ್ರಗಳಿಗೂ ಸಾವಧಾನ್ ಹೇಳಿಕೊಂಡು ನಿವೃತ್ತನಾದ.

ಆಮೇಲೆ ಅವನಿಗೆ ಲಕ್ವ ಹೊಡೆಯಿತು. ಎಡಗಡೆ ಬಿದ್ದುಹೋಯಿತು. ಮಾತು ಬೇಗ ಮರಳಿತು, ಕೈ ಸುಮಾರಾಯಿತು, ಎಡಗಾಲು ಮಾತ್ರ ಮುನಿಸಿಕೊಂಡೇ ಉಳಿಯಿತು. ಕೋಲು ಹಿಡಿದು ಎಳೆದುಕೊಂಡು ನಾಲ್ಕು ಹೆಜ್ಜೆ ಹಾಕಬಲ್ಲ, ಕೋಲು ಬಿಟ್ಟರೆ ಇಲ್ಲ. ವ್ಯಾಯಾಮ ಮಾಡಿಸಲು ಬರುವ ಹುಡುಗಿ "ನಿಧಾನ ಅಂಕಲ್, ನಿಧಾನ" ಎಂದಾಗಲೆಲ್ಲ ಅವನಿಗೆ ಮೈ ಉರಿಯುತ್ತಿತ್ತು. "ಆ ಮಾತನ್ನ ನಮ್ಮ ಸಾವಧಾನಿಗೆ ಹೇಳವ್ವ, ಅವಂಗೆ ಖುಷಿ ಆಗ್ತೈತೆ" ಎಂದು ನನ್ನ ಕಡೆ ಕೈ ತೋರಿಸುತ್ತಿದ್ದ.

ಅಷ್ಟರಲ್ಲಿ ಅವನ ಒಬ್ಬಳೇ ಮಗಳ ಮದುವೆ ಗೊತ್ತಾಯಿತು. ಮದುವೆ ಸೀರೆ ಆರಿಸಲು ಅಂಗಡಿಗೆ ಬಂದ ಅವನ ಹೆಂಡತಿ, ಸೀರೆ ನೋಡುವುದನ್ನು ಬಿಟ್ಟು ನನ್ನೆದುರು ಕಣ್ಣೊರೆಸಿಕೊಂಡರು. "ಅಣ್ಣಾರೆ, ಅವ್ರಿಗೆ ನೀವಾದ್ರೂ ಹೇಳ್ರಿ. ಅಕ್ಕಿಕಾಳು ಹೊತ್ನಾಗ ಒಬ್ರೇ ನಿಂತ್ಕಂತಾರಂತೆ. ಕುಂತಲ್ಲೇ ಹಾಕಿದ್ರೆ ಏನು ಕಡಿಮಿ ಆಗ್ತೈತೆ? ಅವ್ರ ಬದ್ಲಿಗೆ ನಮ್ಮಣ್ಣ ನಿಂತ್ಕಂತಾನೆ. ಅಷ್ಟು ಮಂದಿ ಮುಂದೆ ಬಿದ್ದುಬಿಟ್ರೆ ಹೆಂಗ್ರಿ?"

ಹೇಳಲು ಹೋದೆ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ. "ಅಕಿ ಮ್ಯಾಲೆ ಅಕ್ಕಿಕಾಳು ಬೀಳೋ ಹೊತ್ನಾಗ ನಾನು ನಿಂತಿರ್ಬೇಕು. ಕೋಲೂ ಬ್ಯಾಡ, ಯಾರೂ ಹಿಡಿಯಾದೂ ಬ್ಯಾಡ. ಅಪ್ಪ ಅಂತ ಯಾಕ ಇರಾದು ಮತ್ತೆ?" ಎಂದ. ಅವನ ದನಿ ಒಡೆದಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ನೆರೆಮನೆಯವರ ಕಣ್ಣ ಮುಂದೆ ಅಭ್ಯಾಸ ಮಾಡಲು ಅವನಿಗೆ ನಾಚಿಕೆ. ಆದ್ದರಿಂದ ಭಾನುವಾರ ಬೆಳಗ್ಗೆ ಗಾಳಿ ಸೇವನೆ ಎಂದು ಮನೆಯಲ್ಲಿ ಹೇಳಿ, ಫರ್ನಿಚರ್ ಗೆಳೆಯನ ಕಾರಿನಲ್ಲಿ ಅವನನ್ನು ಕೊಂಡಜ್ಜಿ ಕೆರೆ ದಂಡೆಗೆ ಕರೆದೊಯ್ದೆವು. ಕೋಲೂರಿ ನಿಂತ. ಕೋಲು ಎತ್ತಿದ, ಓಲಾಡಿದ, ನಾವಿಬ್ಬರೂ ಹಿಡಿದೆವು. ಮತ್ತೆ ನಿಂತ, ಮತ್ತೆ ಹಿಡಿದೆವು. ಬೇಸತ್ತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಿಚ್ಚಿದೆವು. ಆಗ ಕೆರೆಯಾಚೆ ಸ್ಕೌಟ್ ಮಕ್ಕಳ ಶಿಬಿರದಿಂದ ಒಂದು ಸೀಟಿ, ಅದರ ಬೆನ್ನಿಗೇ ನೀರಿನ ಮೇಲೆ ತೇಲಿ ಬಂದ ಕೂಗು: "ಸಾವಧಾನ್!"

ಕೋಲೂರಿ ನಿಂತಿದ್ದ ಕಮಾಂಡರನ ಎಡಗಾಲು ತಾನಾಗಿ ಎದ್ದು ಬಲಗಾಲಿನ ಪಕ್ಕ ಬಂದು ಬಿತ್ತು. ಬೆನ್ನು ನೆಟ್ಟಗಾಯಿತು. ಕೋಲು ಹುಲ್ಲಿನ ಮೇಲೆ ಬಿದ್ದಿತ್ತು.

ನನ್ನ ಬಾಯಲ್ಲಿದ್ದ ಮೆಣಸಿನಕಾಯಿ ಹಾಗೇ ಉಳಿಯಿತು. "ಯಾ ಅಲ್ಲಾ, ಇದು ಡಾಕ್ಟ್ರು ಮಾತು ಕೇಳಲ್ಲ, ಉಸ್ತಾದ್ ಮಾತು ಕೇಳ್ತೈತೆ!" ಎಂದ ಫರ್ನಿಚರ್ ಗೆಳೆಯ. ಕಮಾಂಡರ್ ಆಚೆ ದಡದಿಂದ ವಿಶ್ರಾಮ್ ಕೇಳಿಸಿದ ಮೇಲೆಯೇ ಕಾಲು ಸಡಿಲಿಸಿ, ದೊಪ್ಪೆಂದು ನಮ್ಮ ಮೇಲೆ ಕುಸಿದು, ಗಹಗಹಿಸಿ ನಕ್ಕ.

ಅಲ್ಲಿಂದ ಪ್ರತಿ ಭಾನುವಾರ ಕೊಂಡಜ್ಜಿ. ಮಕ್ಕಳಿಲ್ಲದ ದಿನ ಆಜ್ಞೆ ಕೊಡುವ ಕೆಲಸ ನನಗೆ ಬಿತ್ತು. ನನ್ನದು ಕೀರಲು ಗಂಟಲು. "ಏನಲೇ ಅದು, ಪರೇಡಿಗೆ ಕರಿತೀಯೋ ಸೀರಿ ಸೇಲಿಗೆ ಕರಿತೀಯೋ?" ಎಂದು ಬೈದು, ಕೊನೆಗೆ ತನಗೆ ತಾನೇ ಸಾವಧಾನ್ ಹೇಳಿಕೊಳ್ಳುತ್ತಿದ್ದ. ಒಂದು ಸಲ ಕಾಲು ಕೇಳುತ್ತಿತ್ತು, ಇನ್ನೊಂದು ಸಲ ಕೈಕೊಡುತ್ತಿತ್ತು. ಫರ್ನಿಚರ್ ಗೆಳೆಯ ಮದುವೆಗೆಂದೇ ಎತ್ತರದ ಕೈಗಳಿದ್ದ ಸಾಗುವಾನಿ ಕುರ್ಚಿ ಮಾಡಿದ. "ಬಿದ್ರೆ ಇದ್ರ ಮ್ಯಾಲೆ ಬೀಳು ದೋಸ್ತ್, ತಡಕಂತೈತೆ" ಎಂದ.

ಮದುವೆಗೆ ನಮ್ಮ ತರಗತಿಯವರು ಎಲ್ಲೆಲ್ಲಿಂದಲೋ ಬಂದಿದ್ದರು. ಹೊಟ್ಟೆ ಮುಂದೆ, ಕೂದಲು ಹಿಂದೆ, ಆದರೂ ಮಂಟಪದ ಮುಂದೆ ಸಾಲು ಮಾತ್ರ ನೇರ. ವೇದಿಕೆಯಲ್ಲಿ ಮಗಳ ಪಕ್ಕ ಸಾಗುವಾನಿ ಕುರ್ಚಿ, ಅದರ ಹಿಂದೆ ನಾನು. ಎಲ್ಲರ ಕೈಗೂ ಅಕ್ಕಿಕಾಳು ಬಂತು. ಕಮಾಂಡರ್ ಕುರ್ಚಿಯ ಕೈ ಒತ್ತಿ ಎದ್ದು ಕೋಲೂರಿದ. ಅವನ ಹೆಂಡತಿ ನನ್ನತ್ತ ನೋಡಿದ ನೋಟ, ಇವರು ಬಿದ್ದರೆ ನಿಮ್ಮನ್ನು ಬಿಡುವುದಿಲ್ಲ ಎನ್ನುವಂತಿತ್ತು. ಅಯ್ನೋರು ಮೈಕು ಹತ್ತಿರಕ್ಕೆಳೆದು ಮಂತ್ರದ ಕೊನೆಗೆ ದನಿ ಏರಿಸಿದರು: "ಶುಭಮಂಗಳ ಸಾವಧಾನ!"

ಧಪ್! ವೇದಿಕೆಯ ಹಲಗೆ ನಡುಗಿತು. ಕೆಳಗಿನ ಸಾಲಿನಿಂದಲೂ ಒಟ್ಟಿಗೇ ಒಂದು ಧಪ್, ಆಮೇಲೆ ತಡವಾಗಿ ನನ್ನದು. ಕಮಾಂಡರ್ ಕೋಲು ಬಿಟ್ಟು ನೆಟ್ಟಗೆ ನಿಂತಿದ್ದ. ಮಗಳು ಮುಖ ತಿರುಗಿಸಿ ಅಪ್ಪನನ್ನು ನೋಡಿದಳು, ಅವಳ ತಲೆಯ ಮೇಲೆ ಅಕ್ಕಿಕಾಳು ಸುರಿಯಿತು.

ಅಯ್ನೋರು ಬಿಡಲಿಲ್ಲ. ಇನ್ನೊಂದು ಮಂತ್ರ, ಇನ್ನೊಂದು ಸಾವಧಾನ. ಮತ್ತೊಂದು. ವಾಲಗ ಮೊಳಗಿತು, ತಾಳಿ ಕಟ್ಟಿದ್ದೂ ಆಯಿತು. ಜನ ಊಟದ ಕಡೆ ತಿರುಗಿದರು. ಕೆಳಗೆ ನಮ್ಮ ಸಾಲು, ಮೇಲೆ ಕಮಾಂಡರ್ ಮಾತ್ರ ನಿಂತೇ ಇದ್ದರು. "ಸಾಕ್ರಿ, ಕೂಡ್ರಿ ಇನ್ನ" ಎಂದು ಹೆಂಡತಿ ಪಿಸುಗುಟ್ಟಿದರೂ ಕದಲಲಿಲ್ಲ. ಎಡತೊಡೆ ಪಂಚೆಯೊಳಗೆ ಥರಥರ ನಡುಗುತ್ತಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಕಣ್ಣು ಎದುರಿಗೇ ನೆಟ್ಟಿತ್ತು. ಇವನಿಗೇನಾಯಿತು ಎಂದು ಕುರ್ಚಿಯನ್ನು ಅವನ ಹತ್ತಿರಕ್ಕೆ ಸರಿಸಿದೆ. ನಿಧಾನದ ತಲೆ ನನ್ನದು, ತಡವಾಗಿ ಹೊಳೆಯಿತು. ಸಾವಧಾನ್ ಹೇಳಿದ್ದಾರೆ, ವಿಶ್ರಾಮ್ ಯಾರೂ ಹೇಳಿಲ್ಲ. ಅಯ್ನೋರ ಮಂತ್ರದಲ್ಲಿ ಅದು ಇಲ್ಲವೇ ಇಲ್ಲ.

ಕೆರೆ ದಂಡೆ ಬಿಟ್ಟರೆ ಎಲ್ಲೂ ಯಾರಿಗೂ ಆಜ್ಞೆ ಕೊಟ್ಟು ಗೊತ್ತಿಲ್ಲದ ನಾನು ಉಸಿರೆಳೆದು ಕೂಗಿದೆ: "ವಿಶ್ರಾಮ್!"

ವಾಲಗದವರು ಆಗಷ್ಟೇ ನಿಲ್ಲಿಸಿದ್ದರಿಂದ ನನ್ನ ಕೀರಲು ದನಿ ಊಟದ ಮನೆಯವರೆಗೂ ಹೋಯಿತು. ಕೆಳಗೆ ನಮ್ಮವರ ಎಡಗಾಲುಗಳೆಲ್ಲ ಒಮ್ಮೆಲೇ ಪಕ್ಕಕ್ಕೆ ಸರಿದವು. ಕಮಾಂಡರ್ ಸಾಗುವಾನಿ ಕುರ್ಚಿಗೆ ಕುಸಿದ. ಅದು ತಡೆದುಕೊಂಡಿತು. ಮಗಳು ಬಂದು ಅವನ ಮಂಡಿಯ ಮೇಲೆ ತಲೆಯಿಟ್ಟಳು. ಅವಳ ಕೂದಲಿನ ಅಕ್ಕಿಕಾಳು ತೆಗೆಯುತ್ತಾ, ಒದ್ದೆ ಕಣ್ಣಲ್ಲೇ ನನ್ನ ಕಡೆ ಗುರ್ರೆಂದ.

"ಲೇ ಸಾವಧಾನಿ, ಎಷ್ಟೊತ್ತು ನಿಲ್ಸಿದ್ಯಲೋ! ಸೇಡು ತೀರ್ಸಿಕಂಡ್ಯಾ?"

"ಹೂಂ" ಎಂದೆ. ಅದಕ್ಕಿಂತ ಉದ್ದದ ಸುಳ್ಳು ಹೇಳಲಾಗಲಿಲ್ಲ.