ವಿಜಾಪುರಕ್ಕೆ ಎರಡು ದಿನ

ಪರೇಲಿನ ಆಸ್ಪತ್ರೆಯಲ್ಲಿ ಅವ್ವನ ಆಪರೇಷನ್ನಿಗೆ ಹದಿನೈದು ದಿನ ಮುಂದಿನ ತಾರೀಖು ಕೊಟ್ಟರು. ಗಂಟಲಿನ ಗಂಟಿನ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕು, ಬೇರೆ ದಾರಿ ಇಲ್ಲ ಎಂದು ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಎರಡೆರಡು ಸಲ ಹೇಳಿದರು. ಮುಂದೆ ಯಾವತ್ತಾದರೂ ಒಂದು ಸಣ್ಣ ಕವಾಟ ಕೂರಿಸಿ ಮಾತು ಕಲಿಸಬಹುದು, ಆದರೆ ಖಾತ್ರಿ ಕೊಡಲಾರೆ, ಅದು ಈಗಿನ ದನಿಯಂತೂ ಆಗಿರುವುದಿಲ್ಲ ಎಂದರು. ಆಮೇಲೆ ನಮ್ಮ ಮುಖ ನೋಡಿ, ಸಮಾಧಾನಕ್ಕಿರಬೇಕು, ಒಂದು ಸ್ಲೇಟು ಕೊಡುತ್ತೇವೆ, ಬೇಕಾದ್ದನ್ನು ಬರೆದು ತೋರಿಸಬಹುದು ಎಂದರು. ಅವ್ವನಿಗೆ ಅಕ್ಷರ ಬರುವುದಿಲ್ಲ, ಹೆಬ್ಬೆಟ್ಟು ಒತ್ತುವವಳು. ಆ ಮಾತನ್ನು ನಾನು ಡಾಕ್ಟರಿಗೆ ಹೇಳಲಿಲ್ಲ. ಅವ್ವನೂ ಹೇಳಲಿಲ್ಲ.

ಹೊರಗೆ ಬಸ್ ಸ್ಟಾಪಿನಲ್ಲಿ ನಿಂತಾಗ ಅವ್ವ ಎದುರಿನ ಟವರನ್ನೇ ನೋಡುತ್ತಿದ್ದಳು. ಮಿಲ್ಲು ಕೆಡವಿ ಆ ಟವರು ಎಬ್ಬಿಸುವಾಗ ಅಲ್ಲಿ ಸಿಮೆಂಟಿನ ಬುಟ್ಟಿ ಹೊತ್ತವಳು ಅವಳು. ಕೆಳಗೆ ನಿಂತು ಕೂಗಿದರೆ ಎಂಟನೆಯ ಮಾಳಿಗೆಯಲ್ಲಿ ಗಾರೆ ಮಾಡುವ ಗೌಂಡಿ ಕೆಳಗೆ ಬಗ್ಗಿ ನೋಡುತ್ತಿದ್ದನಂತೆ. ಕೆಲಸ ಮಾಡಿಸುವ ಮುಕಾದಮ ಅವಳನ್ನು ಭೋಂಗಾ ಎಂದು ಕರೆಯುತ್ತಿದ್ದ, ಹಳೆಯ ಮಿಲ್ಲಿನ ಸೈರನ್ನಿಗೆ ಇಲ್ಲಿಯವರು ಹಾಗೆನ್ನುತ್ತಾರೆ. ಆ ಹೆಸರನ್ನು ಅವ್ವ ನಮಗೆ ಹೆಮ್ಮೆಯಿಂದಲೇ ಹೇಳುತ್ತಿದ್ದಳು.

"ಹದಿನೈದ ದಿನಾ ಅದಾವಲ್ಲ," ಎಂದಳು, ಈಗಿನ ಒಡಕು ದನಿಯಲ್ಲಿ. "ವಿಜಾಪುರಕ್ಕ ಹೋಗಿ ಬರೂಣು. ಹಳ್ಳಿಗಿ ಅಲ್ಲ. ಗೋಳಗುಮ್ಮಟಕ್ಕ. ಒಂದ ಸಲಾ ಒಳಗ ನಿಂತು ಒದರಬೇಕು ನಾ."

ನನಗೆ ಆಶ್ಚರ್ಯವಾಯಿತು. ಯಾಕೆಂದರೆ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ಗೋಳಗುಮ್ಮಟದ ವಿಷಯ ಅವ್ವನಿಂದ ಕೇಳದವರು ಯಾರೂ ಇಲ್ಲ. ತಮಿಳರ ಮನೆಗೆ, ಮರಾಠಿಯವರ ಮನೆಗೆ, ಹಾಲು ತರುವ ಭಯ್ಯಾನಿಗೆ, ಎಲ್ಲರಿಗೂ ಹೇಳಿದ್ದಾಳೆ. ಒಂದು ಸಲ ಒದರಿದರೆ ಏಳು ಸಲ ಹೊಳ್ಳಿ ಬರುತ್ತದೆ, ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆ ಕಡೆಯ ಗೋಡೆಗೆ ಕಿವಿಯಿಟ್ಟವನಿಗೆ ಕೇಳುತ್ತದೆ ಎಂದು ಅವಳು ಹೇಳುವ ಠೀವಿ ನೋಡಿದರೆ ಆದಿಲಶಾಹಿಗಳು ಅವಳನ್ನು ಕೇಳಿಯೇ ಕಟ್ಟಿಸಿದಂತಿರುತ್ತಿತ್ತು. ಒಳಗೆ ಹೋಗಿ ಬಂದಿದ್ದಾಳೆ ಎಂದೇ ನಾನು ತಿಳಿದಿದ್ದೆ. ಬಸ್ ಸ್ಟಾಪಿನಲ್ಲಿ ಕೇಳಿದರೆ, "ಯಾವಾಗ ಹೋಗ್ಲೆವ್ವಾ?" ಎಂದಳು.

ಲೆಕ್ಕ ಹಾಕಿದರೆ ನಿಜ. ನಮಗೆ ಊರು ಎಂದರೆ ಸಿಂದಗಿ ಕಡೆಯ ಹಳ್ಳಿ, ಅವ್ವನ ತವರು. ಮುಂಬಯಿಯಲ್ಲಿ ಯಾರಾದರೂ ಕೇಳಿದರೆ ವಿಜಾಪುರ ಎಂದು ಹೇಳುತ್ತೇವೆ, ಅಷ್ಟೆ. ನಾವು ಊರಿಗೆ ಹೋಗುವುದು ಮದುವೆಗೆ, ಮಣ್ಣಿಗೆ, ದೇವರ ಕಾರ್ಯಕ್ಕೆ. ದಾದರ್‌ನಲ್ಲಿ ರೈಲು ಹತ್ತಿ ಬೆಳಿಗ್ಗೆ ವಿಜಾಪುರದಲ್ಲಿ ಇಳಿದರೆ ಸ್ಟೇಷನ್ನಿನ ಹೊರಗೇ ಗುಮ್ಮಟ ಕಾಣುತ್ತದೆ. ಅವ್ವ ಒಂದು ಕೈಯಲ್ಲಿ ಗಂಟು ಹಿಡಿದು, ಇನ್ನೊಂದು ಕೈಯನ್ನು ಹಣೆಗೆ ಮುಟ್ಟಿಸಿ ಅದಕ್ಕೆ ನಮಸ್ಕಾರ ಮಾಡಿ ಬಸ್ಸಿಗೆ ಓಡುತ್ತಿದ್ದಳು. ಹೊಳ್ಳಿ ಬರುವಾಗಲೂ ಅದೇ ಓಟ. ನಲವತ್ತು ವರ್ಷ ಹೀಗೇ ಆಗಿದೆ. ನಾನೂ ಹೊರಗಿನಿಂದ ನೋಡಿದವಳೇ.

ಪ್ರವಾಸದ ಪ್ಲ್ಯಾನ್ ಮಾಡುವುದೇ ನನ್ನ ಕಸುಬು. ಸಾಂತಾಕ್ರೂಜ್‌ನಲ್ಲಿ ಉಡುಪಿಯವರ ಒಂದು ಹೋಟೆಲಿನ ಟ್ರಾವೆಲ್ ಡೆಸ್ಕಿನಲ್ಲಿ ಹದಿನೆಂಟು ವರ್ಷದಿಂದ ಕೂತಿದ್ದೇನೆ. ಯಾರ್ಯಾರನ್ನೋ ಎಲ್ಲೆಲ್ಲಿಗೋ ಕಳಿಸಿದ್ದೇನೆ, ಎಲ್ಲಿ ಎಷ್ಟು ಹೊತ್ತಿಗೆ ಬಾಗಿಲು ತೆರೆಯುತ್ತದೆ, ಎಲ್ಲಿ ಮೆಟ್ಟಿಲು ಕಡಿದಾಗಿವೆ ಎಂದು ನೋಡದೆಯೇ ಹೇಳಬಲ್ಲೆ. ನಮ್ಮ ಮನೆಯವರನ್ನು ಮಾತ್ರ ಎಲ್ಲಿಗೂ ಕರೆದುಕೊಂಡು ಹೋಗಿರಲಿಲ್ಲ. ಮರುದಿನವೇ, ಮುಂದಿನ ವಾರದ ಶುಕ್ರವಾರ ಸಂಜೆಯ ರೈಲಿಗೆ ಮೂರು ಸೀಟು ಹಿಡಿದೆ: ಅವ್ವ, ನಾನು, ನನ್ನ ಮಗಳು. ಗಂಡನಿಗೆ ರಜೆ ಸಿಗುವ ಹಾಗಿರಲಿಲ್ಲ. ಗುಮ್ಮಟದ ಹತ್ತಿರವೇ ಲಾಡ್ಜು ನೋಡಿದೆ. ಶಾಲೆಯ ಮಕ್ಕಳ ಗದ್ದಲ ಶುರುವಾಗುವ ಮೊದಲು ಬೆಳಿಗ್ಗೆ ಬೇಗ ಒಳಗಿರಬೇಕು, ಅವ್ವ ಒಂದೊಂದು ತಿರುವಿಗೂ ಕೂತು ಮೆಟ್ಟಿಲು ಹತ್ತಲಿ ಎಂದು ಎರಡು ತಾಸು ಇಟ್ಟೆ. ಮಾರನೆಯ ದಿನ ಇಬ್ರಾಹಿಂ ರೋಜಾ, ಅಂದೇ ವಾಪಸು. ಡಾಕ್ಟರನ್ನೂ ಕೇಳಿದೆ. ಎರಡು ದಿನ ಹೋಗಿ ಬನ್ನಿ, ಮೂರನೆಯದು ಬೇಡ ಎಂದರು.

ಹೋಟೆಲಿನ ಯಜಮಾನರು ರಜೆ ಚೀಟಿ ನೋಡಿ, "ಎಂತ ಮಾರಾಯ್ತಿ, ಸ್ವಂತ ಊರಿಗೆ ಹೋಗ್ಲಿಕ್ಕೆ ಲಾಡ್ಜಾ?" ಎಂದರು. ನಕ್ಕು ಸಹಿಗೆ ಪೆನ್ನು ಕೊಟ್ಟೆ. ಆದರೆ ಅವರು ಕೈಯಿಟ್ಟದ್ದು ಹುಣ್ಣಿನ ಮೇಲೆಯೇ.

ಯಾಕೆಂದರೆ ನಮ್ಮವರಲ್ಲಿ ಊರ ದಿಕ್ಕಿಗೆ ಹೋಗಿ ಲಾಡ್ಜಿನಲ್ಲಿ ಇಳಿಯುವುದೆಂದರೆ ತವರಿನ ಮುಖಕ್ಕೆ ಹೊಡೆದ ಹಾಗೆ. ಹಳ್ಳಿಯಲ್ಲಿ ಅವ್ವನ ಅಣ್ಣ, ನನ್ನ ಸೋದರಮಾವ ಇದ್ದಾನೆ. ಅವನಿಗೆ ತಿಳಿದರೆ ಎರಡು ದಿನವೂ ಹಳ್ಳಿಯ ಪಾಲು ಎಂದು ನನಗೆ ಗೊತ್ತಿತ್ತು. ನಾಲ್ಕು ಮನೆಯಲ್ಲಿ ಊಟ, ದೇವರ ಗುಡಿ, ಉಡಿ ತುಂಬುವುದು, ಮುಂದೆ ಕೂತು ಅಳುವ ಹೆಂಗಸರು. ಬದುಕಿರುವ ಅವ್ವನನ್ನು ನಡುವೆ ಕೂಡಿಸಿಕೊಂಡು ಅವರು ಅಳುವುದನ್ನು ನಾನು ನೋಡಲಾರೆ ಅನಿಸಿತು. "ಮಾವಗ ಹೇಳಬ್ಯಾಡ," ಎಂದು ಅವ್ವನಿಗೆ ಕಟ್ಟುನಿಟ್ಟಾಗಿ ಹೇಳಿದೆ. ಅವ್ವ ಹೂಂ ಎಂದಳು.

ಮುಂದಿನ ಐದು ದಿನ ಮನೆಯಲ್ಲಿ ಹಬ್ಬದ ಹಾಗಿತ್ತು. ಮಗಳು ಮೊಬೈಲಿನಲ್ಲಿ ಗುಮ್ಮಟದ ಫೋಟೋ ತೋರಿಸಿ ತನ್ನ ಹರಕು ಕನ್ನಡದಲ್ಲಿ ಅಜ್ಜಿಯನ್ನು ಕೆಣಕುತ್ತಿದ್ದಳು. "ಅಜ್ಜಿ, ಅಲ್ಲಿ ನೀನು ಕ್ಯಾ ಚಿಲ್ಲಾಯೇಗಿ? ಮತ್ಲಬ್, ಏನ್ ಕೂಗ್ತೀ? ಪಕ್ಕಾ ಮಾಡ್ಕೋ, ನಾನು ವಿಡಿಯೋ ತೆಗಿಯೋದು ಇದೆ." ಅವ್ವ, "ಮದ್ಲ ಮ್ಯಾಲ ಹತ್ತೂಣ ತಡಿ. ಬಾಯಿಗಿ ಏನ ಬರ್ತೈತಿ ಅದನ್ನ ಒದರತೀನಿ," ಎನ್ನುತ್ತಿದ್ದಳು. ಕನ್ನಡಿ ಮುಂದೆ ನಿಂತು ಗಂಟಲು ಸವರಿಕೊಳ್ಳುವುದನ್ನು ಒಮ್ಮೆ ನೋಡಿದೆ. ಬಿಸಿನೀರು ಕುಡಿಯುತ್ತಿದ್ದಳು, ದನಿ ಉಳಿಸಿಕೊಳ್ಳಲು.

ಮಂಗಳವಾರ ಸಂಜೆ ಕೆಲಸದಿಂದ ಹೊರಟು ಸ್ಟೇಷನ್ನಿಗೆ ನಡೆಯುತ್ತಿದ್ದಾಗ ಮಾವನ ಫೋನು ಬಂತು. ದನಿಯಲ್ಲಿ ಸಡಗರ. "ಶನಿವಾರ ಮುಂಜಾನೆ ಸ್ಟೇಷನ್ನಿಗಿ ಗಾಡಿ ತರ್ತೀನಿ. ಲಾಡ್ಜ ಗೀಡ್ಜ ಅಂದ್ರ ನನ್ನ ಹೆಣಾ ನೋಡ್ತಿ. ದೇವರಿಗಿ ಹೇಳೀನಿ, ಮಂದೀಗಿ ಊಟಾ ಹೇಳೀನಿ. ನಿಮ್ಮ ಗುಮ್ಮಟಾ ಎಲ್ಲಿ ಓಡಿ ಹೋಗ್ತೈತಿ, ಮುಂದಿನ ಸಲಾ ನೋಡೀರಂತ."

ಮುಂದಿನ ಸಲ! ಲೋಕಲ್ಲಿನಲ್ಲಿ ನಿಂತು ಬರುವಷ್ಟು ಹೊತ್ತೂ ಅದೇ ಮಾತು ತಲೆಯಲ್ಲಿ ಕುದಿಯಿತು. ನನ್ನ ಸಿಟ್ಟು ಒಳ್ಳೆಯ ಸಿಟ್ಟಲ್ಲ. ಸೌದೆ ಒಲೆಯ ಹಾಗೆ, ಹೊತ್ತಿಕೊಂಡರೆ ಪಕ್ಕದಲ್ಲಿದ್ದವರಿಗೂ ಹೊಗೆ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೇಳಿದೆ, ಯಾಕೆ ಹೇಳಿದೆ ಎಂದು.

ಅವ್ವ ಮೆಂತ್ಯೆಸೊಪ್ಪು ಸೋಸುತ್ತಿದ್ದಳು. "ಹೇಳದ ಹ್ಯಾಂಗ ಇರ್ಲಿ? ಮಣ್ಣಿಗಿ ಹೋದಾವ್ರು ಅಷ್ಟ, ಯಾರ ಹೊಸ್ತಿಲಾನೂ ತುಳೀದ, ಹೋಗಿ ಬರ್ತೀನಿ ಅನ್ನದ ಹೊಳ್ಳಿ ಬರ್ತಾರ. ನನ್ನ ತವರಿನ ಸೀಮಿಗಿ ಹೋಗಿ ನಾ ಹಂಗ ಬರ್ಲೇನು? ಆಪರೇಷನ್ ಐತಿ ಅಂತಷ್ಟ ಹೇಳೀನಿ. ದನಿ ಹೋಗೂದು ಹೇಳಿಲ್ಲ."

ಆ ಮಾತು ನನಗೆ ಇವತ್ತು ಅರ್ಥವಾಗುತ್ತದೆ. ಸಾವಿನ ಮನೆಯಿಂದ ಬಂದವಳ ಹಾಗೆ ಊರಿನಿಂದ ಬರಬಾರದು ಎನ್ನುವುದು ಅವಳಿಗೆ ಗುಮ್ಮಟಕ್ಕಿಂತ ದೊಡ್ಡದಿತ್ತು. ಆಪರೇಷನ್ನಿಗೆ ಹೋಗುವವಳಿಗೆ ಅದು ಶಕುನದ ಮಾತೂ ಹೌದು. ಅವತ್ತು ನನಗೆ ಕಂಡದ್ದು ನನ್ನ ಪ್ಲ್ಯಾನ್ ಒಂದೇ, ತಾಸು ತಾಸು ಹೊಂದಿಸಿದ್ದು.

"ನಾಕ ದಿನಾ ಬಾಯಿ ಮುಚ್ಕೊಂಡ ಇರಾಕ ಆಗಲಿಲ್ಲೇನ ನಿನಗ?" ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಬಾಯಿಂದ ಬಿದ್ದ ಕೂಡಲೇ ನಾನೇನು ಅಂದೆ ಎಂದು ನನಗೆ ತಿಳಿಯಿತು. ಮೂಲೆಯಲ್ಲಿ ಓದುತ್ತಿದ್ದ ಮಗಳು ತಲೆಯೆತ್ತಿದಳು. ಅವ್ವ ನನ್ನನ್ನು ನೋಡಲಿಲ್ಲ. ಸೊಪ್ಪು ಸೋಸುವುದನ್ನು ಮುಗಿಸಿದಳು, ಕಡ್ಡಿಗಳನ್ನೆಲ್ಲ ಪೇಪರಿನಲ್ಲಿ ಸುತ್ತಿ ಎದ್ದಳು.

ಆಮೇಲೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಸಿಟ್ಟು ತೋರಿಸಲೂ ಇಲ್ಲ. ಊಟ ಬಡಿಸಿದಳು, ಡಬ್ಬಿ ಕಟ್ಟಿಕೊಟ್ಟಳು, ಛತ್ರಿ ಮರೆತಾಗ ತಂದು ಕೈಗೆ ಕೊಟ್ಟಳು, ಎಲ್ಲ ಬಾಯಿ ಬಿಡದೆ. ಬುಧವಾರ ಪೂರ್ತಿ ಹೀಗೇ ಕಳೆಯಿತು. ನಮ್ಮ ಮನೆಯಲ್ಲಿ ತಪ್ಪಾಯಿತು ಎನ್ನುವ ಪದ್ಧತಿ ಇಲ್ಲ. ಜಗಳವಾದರೆ ಯಾರೋ ಒಬ್ಬರು ಚಹಾ ಮಾಡುತ್ತಾರೆ, ಇನ್ನೊಬ್ಬರು ಕುಡಿಯುತ್ತಾರೆ, ಮುಗಿಯಿತು. ನಾನು ಚಹಾ ಮಾಡಿದೆ, ಅವ್ವ ಕುಡಿದಳು, ಮುಗಿಯಲಿಲ್ಲ. ಅವಳ ಬಳಿ ಉಳಿದಿದ್ದ ಮಾತಿನ ದಿನಗಳೇ ಇಷ್ಟು, ಅದರಲ್ಲಿ ಒಂದನ್ನು ನಾನು ತಿಂದು ಹಾಕಿದೆ ಎನ್ನುವುದು ಎದೆಯ ಮೇಲೆ ಕೂತಿತ್ತು. ಆದರೂ ಬಾಯಿ ಬರಲಿಲ್ಲ. ರೈಲಿನಲ್ಲಿ ಹೇಳಿದರಾಯಿತು, ಇಡೀ ರಾತ್ರಿ ಜೊತೆಗೆ ಇರುತ್ತೇವಲ್ಲ ಎಂದುಕೊಂಡೆ. ಹೋಗಲಿ, ಒಂದು ದಿನ ಹಳ್ಳಿ, ಒಂದು ದಿನ ಗುಮ್ಮಟ ಎಂದು ಪ್ಲ್ಯಾನನ್ನೂ ಮನಸ್ಸಿನಲ್ಲೇ ತಿದ್ದಿದೆ.

ಗುರುವಾರ ರಜೆ ಹಾಕಿ ಮನೆಯಲ್ಲಿದ್ದೆ, ಬಟ್ಟೆ ಕಟ್ಟಲು. ಮಧ್ಯಾಹ್ನ ಆಸ್ಪತ್ರೆಯಿಂದ ಫೋನು ಬಂತು. ಒಂದು ಜಾಗ ಖಾಲಿಯಾಗಿದೆ, ಇಂಥ ಗಂಟಿಗೆ ಕಾಯುವುದಕ್ಕಿಂತ ಬೇಗ ಮಾಡುವುದು ಒಳ್ಳೆಯದು, ನಾಳೆ ಬೆಳಿಗ್ಗೆ ಭರ್ತಿ ಮಾಡಿ, ನಾಡಿದ್ದು ಆಪರೇಷನ್ ಎಂದರು. ನಾಳೆ ಎಂದರೆ ನಾವು ರೈಲು ಹತ್ತಬೇಕಿದ್ದ ದಿನವೇ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ಅವ್ವನಿಗೆ ಹೇಳಿದೆ. ಅವಳು ಅರ್ಧ ಕಟ್ಟಿದ ಬ್ಯಾಗನ್ನು ನೋಡಿದಳು, ಹೊಸ ಇಳಕಲ್ ಸೀರೆಯನ್ನು ತೆಗೆದು ಕಪಾಟಿನಲ್ಲಿಟ್ಟಳು, ಹಳೆಯ ಎರಡು ನೈಟಿ ಬ್ಯಾಗಿಗೆ ಹಾಕಿದಳು.

ಮಾವನಿಗೆ ನಾನೇ ಫೋನು ಮಾಡಿ ಬರುವುದಿಲ್ಲ ಎಂದೆ. ಕಾರಣವನ್ನೂ ಹೇಳಿದೆ. ಅವನು ನಂಬಲಿಲ್ಲ. ಮಂದಿಗೆಲ್ಲ ಊಟ ಹೇಳಿಟ್ಟವನು ನಂಬುವುದಾದರೂ ಹೇಗೆ? ಮಾತು ಮುಗಿಸದೆ ಇಟ್ಟುಬಿಟ್ಟ. ಐದು ನಿಮಿಷದಲ್ಲಿ ಅವ್ವನ ಫೋನು ಬಡಿಯಿತು. ಅವ್ವ ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವವಳು. ನಾನು ಅಡುಗೆಮನೆಯಲ್ಲಿದ್ದೆ, ಎಲ್ಲ ಕೇಳಿಸಿತು.

"ನಿನ್ನ ಮಗಳಿಗಿ ನಮ್ಮ ಮನಿ ಬ್ಯಾಡಾಗೈತಿ," ಎಂದ ಮಾವ. "ಆಸ್ಪತ್ರಿ ಅನ್ನೂದು ನೆವಾ. ಆಕಿ ಮುಂಬೈದಾಕಿ ಆಗ್ಯಾಳ. ನಿನ್ನನ್ನರ ಹ್ಯಾಂಗ ನೋಡ್ಕೋತಾಳೋ ಏನೋ."

ಎರಡು ದಿನದಿಂದ ಕೇಳದ ಅವ್ವನ ದನಿ ಕೇಳಿತು. ಒಡಕಾಗಿತ್ತು, ಆದರೂ ಭೋಂಗಾನೇ.

"ಹಂಗ ಅನಬ್ಯಾಡಣ್ಣ. ತಪ್ಪ ಆಕೀದಲ್ಲ, ಡಾಕ್ಟರ್ ತಾರೀಖ ಬದ್ಲಿ ಮಾಡ್ಯಾನ. ನನ್ನ ಸಲುವಾಗಿ ಎಲ್ಲಾ ಕೂಡಸಿದ್ಲು ಆಕಿ. ನಾ ಮೆಟ್ಲಾ ಹತ್ತೂದು, ಕೂಡೂದು, ಎಲ್ಲಾ ಬರದಿಟ್ಟಾಳ. ನನ್ನ ಮಗಳು ಇವತ್ತಿನ ತನಾ ನನಗ ಒಂದ ಬಿರಸ ಮಾತ ಆಡಿಲ್ಲಣ್ಣ. ಒಂದೂ ಆಡಿಲ್ಲ."

ಮಾವ ಮೆತ್ತಗಾದ. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಎಮ್ಮೆ ಈದದ್ದು, ಯಾರದೋ ಬಾವಿ, ತಾವು ಸಣ್ಣವರಿದ್ದಾಗ ಹೊಲದಲ್ಲಿ ಹಾವು ಕಂಡದ್ದು. ತಂಗಿಯ ದನಿ ಇದೇ ಕೊನೆ ಎಂದು ಅವನಿಗೆ ಗೊತ್ತಿರಲಿಲ್ಲ. ಅವ್ವ ಹೇಳಲೂ ಇಲ್ಲ. "ಆರಾಮ ಆದ ಮ್ಯಾಲ ಹೋಗಿ ಬರೂಣಂತ," ಎಂದು ಫೋನಿಟ್ಟಳು.

ಆಗ ಹೊರಗೆ ಹೋಗಿ ಅವಳ ಕಾಲ ಹತ್ತಿರ ಕೂಡಬೇಕಿತ್ತು. ಒಂದು ಗೋಡೆ, ಆರು ಹೆಜ್ಜೆ. ನಾನು ಗ್ಯಾಸಿನ ಕಟ್ಟೆ ಒರೆಸುತ್ತ ನಿಂತೆ. ನಾಚಿಕೆ ಸಿಟ್ಟಿಗಿಂತ ಕೆಟ್ಟದ್ದು, ಕಾಲು ಕಟ್ಟಿ ಹಾಕುತ್ತದೆ. ಶುಕ್ರವಾರ ಫಾರ್ಮು, ರಕ್ತ ತಪಾಸಣೆ, ಈ ಕೌಂಟರು ಆ ಕೌಂಟರು. ವಾರ್ಡಿನಲ್ಲಿ ಅಕ್ಕಪಕ್ಕ ಜನ. ಶನಿವಾರ ಬೆಳಿಗ್ಗೆ ಒಳಗೆ ಕರೆದುಕೊಂಡು ಹೋಗುವಾಗ ಅವ್ವ, "ಪೋರಿಗಿ ಊಟಾ ಹಾಕ," ಎಂದಳು, ನನ್ನ ಮಗಳನ್ನು ತೋರಿಸಿ. ಹೂಂ ಎಂದೆ.

ಮೂರನೆಯ ದಿನ ಅವಳಿಗೆ ಸರಿಯಾಗಿ ಎಚ್ಚರವಿತ್ತು. ಕೊರಳಲ್ಲಿ ನಳಿಕೆ, ಮೂಗಲ್ಲಿ ನಳಿಕೆ. ಮಂಚದ ಕೊನೆಯಲ್ಲಿ ಸ್ಲೇಟು ತೂಗುಹಾಕಿದ್ದರು. ನಾನು ಬಗ್ಗಿ ಅವಳ ಕಿವಿಯಲ್ಲಿ ಹೇಳಿದೆ, "ಅವ್ವಾ, ಅವತ್ತ ನಾ ಅಂದದ್ದು ತಪ್ಪಾತು." ಎದುರು ಮಾತು ಬರುವುದಿಲ್ಲ ಎಂದು ಗೊತ್ತಾದ ಮೇಲೆಯೇ ನನಗೆ ಆ ಧೈರ್ಯ ಬಂದದ್ದು, ಅದನ್ನು ಒಪ್ಪಿಕೊಳ್ಳಲೇಬೇಕು.

ಅವ್ವ ನನ್ನ ಮುಖವನ್ನೇ ನೋಡಿದಳು. ತುಟಿ ಆಡಿಸಿ ಏನೋ ಅಂದಳು. ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಅಂದಳು, ಈ ಸಲ ನಿಧಾನವಾಗಿ. ಆಗಲೂ ತಿಳಿಯಲಿಲ್ಲ. ಮೂರನೆಯ ಸಲ ಅರ್ಧಕ್ಕೇ ನಿಲ್ಲಿಸಿ, ದಣಿದು ಕಣ್ಣು ಮುಚ್ಚಿದಳು. ಹೋಗಲಿ ಬಿಡು ಅಂದಳೋ, ಈಗ ಹೇಳಿ ಏನುಪಯೋಗ ಅಂದಳೋ, ನೀರು ಕೇಳಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಐದು ದಿನ ಮೊದಲು ಕೇಳಿದ್ದರೆ ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಹೇಳುತ್ತಿದ್ದಳು.