ಮಿಲ್ಟ್ರಿ ಚಿಕ್ಕಸ್ವಾಮಿಯ ಬಲಗೈ

ನಮ್ಮೂರಿನಲ್ಲಿ ಏನನ್ನಾದರೂ ಕೊಲ್ಲಬೇಕಾಗಿ ಬಂದರೆ ನನ್ನ ತಮ್ಮನನ್ನು ಕರೆಯುತ್ತಿದ್ದರು. ಹಿತ್ತಲಲ್ಲಿ ಮಂಡಲದ ಹಾವು ಕಂಡರೆ, ಬೆನ್ನು ಮುರಿದ ಎತ್ತು ನಾಲೆಗೆ ಬಿದ್ದು ನರಳುತ್ತಿದ್ದರೆ, ಮಾರಮ್ಮನ ಮುಂದೆ ಮರಿ ಕಡಿಯಬೇಕಾದರೆ, ಎಲ್ಲರ ಬಾಯಲ್ಲೂ ಒಂದೇ ಮಾತು, "ಮಿಲ್ಟ್ರಿಯವ್ನ ಕರೀರಿ." ಚಿನಕುರಳಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಕಲ್ಲು ಒಡೆಯುವವರಿದ್ದರು, ಕಬ್ಬು ಕಡಿಯುವವರಿದ್ದರು, ತೋಳಲ್ಲಿ ಕಸುವಿರುವ ಗಂಡಸರಿಗೇನೂ ಬರವಿರಲಿಲ್ಲ. ಆದರೆ ಬಾಡು ಎಲ್ಲರಿಗೂ ಬೇಕು, ರಕ್ತ ಮಾತ್ರ ಬೇರೆಯವನ ಕೈಗೆ ಅಂಟಬೇಕು. ಈ ವಿಷಯದಲ್ಲಿ ನಮ್ಮವರು ಬಲು ಜಾಣರು.

ನನ್ನ ತಮ್ಮ ಚಿಕ್ಕಸ್ವಾಮಿ ಕರೆದೊಡನೆ ಎದ್ದು ಹೋಗುತ್ತಿದ್ದ. ಮರಿಯ ಕತ್ತು ಒಂದೇ ಏಟಿಗೆ ಬೀಳುತ್ತಿತ್ತು. ಆಮೇಲೆ ತನ್ನ ಪಾಲಿಗೆ ಬಂದ ಬಾಡನ್ನು ಬೀದಿ ನಾಯಿಗೆ ಸುರಿದು, "ಅಕ್ಕ, ಸೊಪ್ಪಿನ ಸಾರಿದ್ರೆ ಬಡಿಸು" ಎಂದು ಮಣೆ ಹಾಕಿಕೊಂಡು ಕೂರುತ್ತಿದ್ದ. ಅಷ್ಟು ಒಳ್ಳೆಯ ಬಾಡು ನಾಯಿ ಪಾಲಾಯಿತಲ್ಲ ಎಂದು ನಾನು ರೇಗುತ್ತಿದ್ದೆ. ಅವನು ತಲೆ ಎತ್ತದೆ ಮುದ್ದೆ ಮುರಿಯುತ್ತಿದ್ದ.

ಎಸ್ಸೆಸ್ಸೆಲ್ಸಿ ಫೇಲಾಗಿ, ಅಪ್ಪನ ಹತ್ತಿರ ಬಾರುಕೋಲಿನ ಏಟು ತಿಂದು, ಹೇಳದೆ ಕೇಳದೆ ಮಿಲ್ಟ್ರಿ ಸೇರಿದವನು ಇವನು. ರಜಕ್ಕೆ ಬಂದಾಗ ಹಸಿರು ಟ್ರಂಕು, ಮಿರಮಿರ ಬೂಟು, ಜೊತೆಗೆ ರಮ್ಮಿನ ಬಾಟಲಿ. ಆ ಬಾಟಲಿಯ ವಾಸನೆಗೆ ಊರಿನ ಗಂಡಸರೆಲ್ಲ ನಮ್ಮ ಜಗಲಿಗೆ ನೆಂಟರಾಗುತ್ತಿದ್ದರು. ಆಮೇಲೆ ಸಿಲೋನಿಗೆ ಕಳಿಸಿದರು. ಅಲ್ಲಿಂದ ತೊಂಬತ್ತರಲ್ಲಿ ಬಂದಾಗ ಎಡಗಿವಿ ಕೇಳುತ್ತಿರಲಿಲ್ಲ, ನಡಿಗೆ ಒಂದು ಕಡೆಗೆ ವಾಲುತ್ತಿತ್ತು. ಹೆಣ್ಣು ನೋಡೋಣವೆಂದರೆ ಬೇಡವೆಂದ. ನಾನು ಆಗಲೇ ಗಂಡನನ್ನು ಕಳೆದುಕೊಂಡು, ಪ್ರೈಮರಿ ಸ್ಕೂಲಿನಲ್ಲಿ ಮೇಡಮ್ಮಾಗಿ, ಒಬ್ಬನೇ ಮಗ ಪುಟ್ಟರಾಜುವಿನೊಂದಿಗೆ ತವರಿನ ಮನೆಯಲ್ಲೇ ಇದ್ದೆ. ಮೂವರೂ ಒಂದೇ ಒಲೆಯಲ್ಲಿ ಉಂಡೆವು.

ಹುಡುಗರು ಸಂಜೆ ಅವನನ್ನು ಮುತ್ತಿಕೊಂಡು ಯುದ್ಧದ ಕತೆ ಕೇಳುತ್ತಿದ್ದರು. ಅವನು ಹೇಳುತ್ತಿದ್ದದ್ದೆಲ್ಲ ನಗೆಯ ಕತೆಗಳು. ಹಡಗಿನಲ್ಲಿ ವಾಂತಿ ಮಾಡಿದ ಸುಬೇದಾರ, ಕೊಬ್ಬರಿ ಎಣ್ಣೆಯಲ್ಲಿ ಕರಿದ ಮೀನು ತಿಂದು ಹೊಟ್ಟೆ ಕೆಟ್ಟ ಪಂಜಾಬಿಗಳು. ಯಾರಾದರೂ "ನೀನು ಎಷ್ಟು ಜನನ್ನ ಹೊಡ್ದೆ ಮಾವ?" ಎಂದರೆ "ಸೊಳ್ಳೆ ಬೇಜಾನ್ ಹೊಡ್ದಿವ್ನಿ ಕಣ್ಲಾ" ಎಂದು ಎದ್ದುಬಿಡುತ್ತಿದ್ದ. ನನ್ನ ಮಗ ಆ ನಗೆಯ ಹಿಂದೆ ಏನೋ ದೊಡ್ಡದಿದೆ ಎಂದುಕೊಂಡು ಬೆಳೆದ.

ತೊಂಬತ್ತಮೂರರಲ್ಲಿ ಪುಟ್ಟರಾಜುವಿಗೆ ಹದಿನೇಳು ತುಂಬಿತು. ಮೈಸೂರಿನಲ್ಲಿ ಮಿಲ್ಟ್ರಿಗೆ ಹುಡುಗರನ್ನು ಆರಿಸುತ್ತಾರೆಂಬ ಸುದ್ದಿ ಬಂದದ್ದೇ ತಡ, ಬೆಳಗಾದರೆ ನಾಲೆ ಏರಿಯ ಮೇಲೆ ಓಟ, ಸಂಜೆಯಾದರೆ ಹುಣಸೆ ಕೊಂಬೆಗೆ ಜೋತಾಟ. ಇರುವವನು ಒಬ್ಬ. ಅವನೂ ಕಿವಿ ಕಳೆದುಕೊಂಡು ವಾಲಾಡುತ್ತ ಬರಲಿ ಎಂದು ನಾನು ಹೆತ್ತಿರಲಿಲ್ಲ.

ತಮ್ಮನನ್ನು ಹಿಡಿದುಕೊಂಡೆ. "ನೀನು ಸೋದರಮಾವ. ನಿನ್ನ ಮಾತು ಮೀರಕ್ಕಿಲ್ಲ ಅವ್ನು. ಬ್ಯಾಡ ಅನ್ನು."

"ಬ್ಯಾಡ ಅಂದ್ರೆ ಯಾಕೆ ಅಂತಾನೆ. ಯಾಕೆ ಅನ್ನೋದ್ನ ಎಂಗಕ್ಕ ಯೇಳದು?"

"ಇದ್ದದ್ದು ಇದ್ದಂಗೆ ಯೇಳು."

ಅವನು ಬೀಡಿ ಹಚ್ಚಿದ. ಆ ದಿನವೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಹೇಡಿ ಎಂದು ಮುಖದ ಮೇಲೇ ಬೈದೆ.

ಅಷ್ಟರಲ್ಲಿ ಚಿಕ್ಕಮಾದಯ್ಯನ ಕಬ್ಬಿನ ಕಡಿತ ಬಂತು. ನಾಲೆಯ ಕೆಳಗೆ ಊರಿಗೇ ದೊಡ್ಡ ಗದ್ದೆ ಅವನದು. ಕಬ್ಬನ್ನು ನಾಲ್ಕು ಕಡೆಯಿಂದಲೂ ಕಡಿಯುತ್ತ ಬಂದರೆ ಒಳಗಿರುವ ಮೊಲ, ನರಿ, ಹಂದಿ ಎಲ್ಲ ನಡುವಿಗೆ ಸರಿಯುತ್ತವೆ. ಕೊನೆಗೆ ಉಳಿಯುವ ತುಂಡು ಕಬ್ಬಿನೊಳಗೆ ಅವುಗಳೆಲ್ಲ ಒತ್ತಿಕೊಂಡಿರುತ್ತವೆ. ಆಗ ಊರಿನವರು ಸುತ್ತ ನಿಂತು, ಒಂದು ಕಡೆಯ ತರಗಿಗೆ ಬೆಂಕಿ ಕೊಟ್ಟು, ಹೊರಗೆ ನುಗ್ಗಿದ್ದನ್ನು ಬಡಿಯುತ್ತಾರೆ. ಅದಕ್ಕೆ ಮೊದಲು ಒಬ್ಬ ತಟ್ಟೆ ಬಡಿಯುತ್ತ ಸುತ್ತು ಹಾಕಿ, "ಒಳಗ್ ಯಾರಾದ್ರೂ ಇದ್ರೆ ಬಂದ್ಬುಡಿ" ಎಂದು ಕೂಗಬೇಕು. ಕಬ್ಬಿನ ಗದ್ದೆಯೊಳಗೆ ಯಾರು ಯಾವ ಕೆಲಸಕ್ಕೆ ಹೋಗಿರುತ್ತಾರೋ ಕೇಳಬಾರದು, ಹೊರಗೆ ಬರಲಿಕ್ಕೆ ಹೊತ್ತು ಕೊಡಬೇಕು. ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ ಅದು.

ಆ ಭಾನುವಾರ ಮೇಲುಕೋಟೆ ಕಡೆಯ ಗುಡ್ಡದಿಂದ ಇಳಿದ ದೊಡ್ಡ ಹಂದಿಯೊಂದು ಆ ತುಂಡಿನೊಳಗೆ ಸೇರಿತ್ತು. ಕೆಸರಿನಲ್ಲಿ ಹೆಜ್ಜೆ ನೋಡಿ ಗಂಡಸರ ಬಾಯಲ್ಲಿ ನೀರು. ಎಲ್ಲರೂ ದೊಣ್ಣೆ, ಮಚ್ಚು ಹಿಡಿದು ಬಂದರು. ಮಿಲ್ಟ್ರಿಯವನಿಗೂ ಕರೆ ಹೋಯಿತು. ಅವನು ಬರುವುದಿಲ್ಲವೆಂದ. ಆದರೆ ಪುಟ್ಟರಾಜು ಆಗಲೇ ಅಟ್ಟದ ಮೇಲಿದ್ದ ತಾತನ ಈಟಿ ಇಳಿಸಿಕೊಂಡು ಓಡಿದ್ದ. ಅದು ತಿಳಿದ ಮೇಲೆ ಚಿಕ್ಕಸ್ವಾಮಿ ಬರಿಗಾಲಲ್ಲೇ ಹೊರಟ. ನಾನು ಅವನ ಹಿಂದೆ ಓಡಿ ನಾಲೆ ಏರಿಯ ಮೇಲೆ ನಿಂತೆ. ಅಲ್ಲಿಂದ ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು.

"ಕೂಗಿದ್ರಾ?" ಎಂದು ಕೇಳಿದ ಚಿಕ್ಕಸ್ವಾಮಿ.

"ಕೂಗುದ್ರೆ ಹಂದಿ ಎಗರ್ಕೊಂಡು ಓಯ್ತದೆ ಕಣ್ಲಾ," ಎಂದ ಚಿಕ್ಕಮಾದಯ್ಯ. "ನನ್ ಗದ್ದೆ ಅದು. ಒಳಗ್ ಯಾರೂ ಇಲ್ಲ ಬುಡು."

"ಕೂಗಿ ಅಂತ ಯೇಳ್ದೆ."

"ನಿನ್ ಎಡಗಿವಿ ಕೇಳಲ್ಲ ಅಂತ ಊರ್ಗೆಲ್ಲ ಕೂಗಾಕಾಯ್ತದ?"

ಎಲ್ಲರೂ ನಕ್ಕರು. ಆ ನಗುವಿನ ನಡುವೆಯೇ ಯಾರೋ ತರಗಿಗೆ ಬೆಂಕಿ ಇಟ್ಟರು. ಒಣಗಿದ ತರಗು ಚಟಚಟನೆ ಹತ್ತಿಕೊಂಡಿತು. ಹೊಗೆ ಕಬ್ಬಿನೊಳಗೆ ನುಗ್ಗಿತು. ಚಿಕ್ಕಸ್ವಾಮಿ ವಾಲಾಡುತ್ತ ಓಡಿ ನನ್ನ ಮಗನ ಪಕ್ಕಕ್ಕೆ ಬರುವುದಕ್ಕೂ ಹಂದಿ ಹೊರಬೀಳುವುದಕ್ಕೂ ಸರಿಹೋಯಿತು.

ಅದು ಮೊದಲು ಒಂದು ನಾಯಿಯ ಹೊಟ್ಟೆ ಬಗೆಯಿತು. ನಾಯಿ ತನ್ನ ಕರುಳನ್ನು ತಾನೇ ಎಳೆದುಕೊಂಡು ಬದುವಿನವರೆಗೆ ಹೋಗಿ ಬಿತ್ತು. ಗಂಡಸರು ಹಿಂದೆ ಸರಿದರು. ನನ್ನ ಮಗ ಸರಿಯಲಿಲ್ಲ. ಹಂದಿ ತಿರುಗಿ ನುಗ್ಗಿದಾಗ ಈಟಿಯನ್ನು ಅದರ ಕುತ್ತಿಗೆಯ ಬುಡಕ್ಕೆ ಹಾಕಿ ಮೈಯೆಲ್ಲ ಭಾರ ಬಿಟ್ಟು ಒತ್ತಿದ. ರಕ್ತ ಅವನ ಮುಖಕ್ಕೆ ಚಿಮ್ಮಿತು. ಹಂದಿ ಅರಚುತ್ತ ಕಾಲು ಝಾಡಿಸಿತು. ಅವನು ಈಟಿ ಕಿತ್ತು ಮತ್ತೆ ತಿವಿದ, ಮತ್ತೆ ತಿವಿದ. ಅದು ಸತ್ತ ಮೇಲೂ ತಿವಿದ. ಊರಿನವರು ಕೇಕೆ ಹಾಕುತ್ತಿದ್ದರು. ನಾನು ಹೆತ್ತ ಮುಖವನ್ನು ಆ ಹೊತ್ತು ನನಗೆ ಗುರುತು ಹಿಡಿಯಲಾಗಲಿಲ್ಲ. ಮಗನನ್ನು ಕಂಡೇ ನನಗೆ ಭಯವಾಯಿತು.

ಆಗಲೇ ಕಬ್ಬು ಮತ್ತೆ ಅಲುಗಾಡಿತು. ಹೊಗೆಯಲ್ಲಿ ನೆಲಕ್ಕೆ ಒತ್ತಿಕೊಂಡು ಕಪ್ಪಗೆ ಏನೋ ಹೊರಬಂತು. "ಇನ್ನೊಂದು, ಇನ್ನೊಂದು" ಎಂದರು. ಪುಟ್ಟರಾಜು ನೋಡಲೇ ಇಲ್ಲ. ಈಟಿ ಎತ್ತಿ ಇಳಿಸಿದ.

ಚಿಕ್ಕಸ್ವಾಮಿ ಅಡ್ಡ ಬಿದ್ದು ಈಟಿಯ ಅಲಗನ್ನೇ ಬರಿಗೈಯಲ್ಲಿ ಹಿಡಿದ. ಅಲಗು ಅಂಗೈಯನ್ನು ಸೀಳಿಕೊಂಡು ಹೋಗಿ ಆ ಕಪ್ಪು ಕಂಬಳಿಯನ್ನು ತೂರಿತು. ಕಂಬಳಿಯೊಳಗಿನಿಂದ "ಅಯ್ಯಪ್ಪಾ" ಎಂಬ ಮುದುಕನ ದನಿ ಬಂತು. ಆಡು ಕಾಯುವ ಕುಳ್ಳಯ್ಯ. ತಪ್ಪಿಸಿಕೊಂಡ ಮರಿಯೊಂದನ್ನು ಹುಡುಕಿಕೊಂಡು ಕಬ್ಬಿನೊಳಗೆ ಹೋಗಿದ್ದವನು, ಹೊಗೆ ಕಂಡು ಕಂಬಳಿ ಹೊದ್ದು ಅಂಬೆಗಾಲಲ್ಲಿ ಬಂದಿದ್ದ. ಮರಿ ಅವನ ಎದೆಗೆ ಅವುಚಿಕೊಂಡಿತ್ತು. ಈಟಿಯ ತುದಿ ಅವನ ಪಕ್ಕೆಯೊಳಗೆ ಒಂದಿಷ್ಟು ಇಳಿದಿತ್ತು. ನನ್ನ ತಮ್ಮನ ಕೈ ಅಡ್ಡವಿರದಿದ್ದರೆ ಇನ್ನೊಂದು ಪಕ್ಕೆಯಲ್ಲಿ ಹೊರಬರುತ್ತಿತ್ತು.

ಚಿಕ್ಕಮಾದಯ್ಯನ ಟ್ರಾಕ್ಟರಿನಲ್ಲೇ ಇಬ್ಬರನ್ನೂ ಪಾಂಡವಪುರದ ಆಸ್ಪತ್ರೆಗೆ ಒಯ್ದೆವು. ಕುಳ್ಳಯ್ಯನಿಗೆ ಹೊಲಿಗೆ ಹಾಕಿ ಮಲಗಿಸಿದರು. ಪ್ರಾಣಕ್ಕೆ ಅಪಾಯವಿಲ್ಲ ಎಂದರು. ಚಿಕ್ಕಸ್ವಾಮಿಯ ಅಂಗೈ ಹೊಲಿದರು, ಆದರೆ ನರ ಕಡಿದುಹೋಗಿವೆ, ಬೆರಳು ಮಡಿಸಲಾಗುವುದಿಲ್ಲ ಎಂದರು. ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಅವನು ಕೂತ. ಪುಟ್ಟರಾಜು ನೆಲದ ಮೇಲೆ, ಮಂಡಿಗಳ ನಡುವೆ ತಲೆ ಇಟ್ಟುಕೊಂಡು ಕೂತಿದ್ದ. ಮುಖದ ಮೇಲಿನ ಹಂದಿಯ ರಕ್ತ ಒಣಗಿ ಸಿಪ್ಪೆ ಏಳುತ್ತಿತ್ತು.

"ಲೇ, ಇಲ್ ನೋಡು," ಎಂದ ನನ್ನ ತಮ್ಮ. "ಹಂದಿ ತಿವೀವಾಗ ಎಂಗಿತ್ತು?"

ಹುಡುಗ ಅಂಗೈಯಲ್ಲಿ ಮುಖದ ರಕ್ತ ಉಜ್ಜಿಕೊಂಡ.

"ಸುಳ್ ಯೇಳ್ಬ್ಯಾಡ. ಚೆಂದಾಗಿತ್ತಾ?"

ಪುಟ್ಟರಾಜು ನನ್ನ ಕಡೆ ನೋಡಿ ತಲೆ ತಗ್ಗಿಸಿದ. "ಊಂ ಮಾವ. ಚೆಂದಾಗಿತ್ತು."

"ನಂಗೂ ಚೆಂದಾಗಿತ್ತು ಕಣ್ಲಾ. ಅದ್ನೇ ಇಷ್ಟ್ ದಿನ ನಿಮ್ಮವ್ವಂಗೂ ಯೇಳಕಾಗ್ದೆ ಇದ್ದದ್ದು. ಭಯ ಆಯ್ತದೆ ಅಂತ ಎಲ್ರೂ ಯೇಳ್ತರೆ. ಭಯ ಆಯ್ತದೆ, ಉಚ್ಚೆ ಉಯ್ಕೋತೀವಿ, ನಿಜ. ಆದ್ರೆ ಚೆಂದಾಗಿರ್ತದೆ ಅಂತ ಯಾರೂ ಯೇಳಕ್ಕಿಲ್ಲ."

ಆಮೇಲೆ ಅವನು ಹೇಳಿದ. ಸಿಲೋನಿನಲ್ಲಿ ಒಂದು ಬಾಳೆ ತೋಟ. ಅದರ ದಾರಿಯಲ್ಲಿ ನೆಲದೊಳಗೆ ಹೂತಿಟ್ಟ ಬಾಂಬು ಸಿಡಿದು, ಅವನ ಪಕ್ಕದಲ್ಲೇ ನಡೆಯುತ್ತಿದ್ದ ಗೆಳೆಯನ ಎರಡೂ ಕಾಲು ಹೋದವು. ಗೆಳೆಯ ನೀರು ಕೇಳಿ ಕೇಳಿ ಸತ್ತ. ಅದೇ ಏಟಿಗೆ ಇವನ ಕಿವಿ ಹೋಯಿತು. ತೋಟ ಸುತ್ತುವರಿದರು. ಬಾಳೆ ಎಲೆ ಅಲುಗಿತು. "ಕೂಗು ಅಂತ ಎಡಗಡೆ ನಿಂತಿದ್ದೋನು ಅಂದ್ನಂತೆ. ನಂಗ್ ಕೇಳ್ನಿಲ್ಲ. ಕೇಳಿದ್ರೂ ಕೂಗ್ತಿರ್ನಿಲ್ಲ. ಹೊಡ್ದೆ. ಎಲೆ ಅಲ್ಲಾಡದು ನಿಲ್ಲೋಗಂಟ ಹೊಡ್ದೆ. ಆಗ ಮೈಯೆಲ್ಲ ಹಗುರ ಆಯ್ತು ಕಣ್ಲಾ, ಜ್ವರ ಬಿಟ್ಟಂಗೆ. ಒಳಗೋಗಿ ನೋಡ್ತೀನಿ, ಒಬ್ಬ ಹೆಂಗ್ಸು. ಪಕ್ಕದಾಗೆ ನಿನ್ನಷ್ಟು ಹುಡ್ಗ, ಕೈನಾಗೆ ಹಗ್ಗ. ಹಗ್ಗದ ತುದೀಲಿ ಹಸ. ಹಸ ಇನ್ನೂ ಸತ್ತಿರ್ನಿಲ್ಲ."

ಹಸುವನ್ನು ಏನು ಮಾಡಿದನೆಂದು ನಾನು ಕೇಳಲಿಲ್ಲ. ನನಗೆ ಅಳು ಉಕ್ಕಿ ಬಂತು. ಇವನನ್ನು ಹೇಡಿ ಎಂದು ಬೈದಿದ್ದೆನಲ್ಲ.

"ಇವತ್ತು ನಿನ್ ಈಟಿ ಹಿಡ್ಕಳಾಕೆ ನಾನಿದ್ದೆ," ಎಂದ ಚಿಕ್ಕಸ್ವಾಮಿ. "ಅಲ್ಲಿ ಯಾರೂ ಇರಕ್ಕಿಲ್ಲ. ಮಿಲ್ಟ್ರಿ ಕೆಟ್ಟದ್ದು ಅಂತ ನಾನ್ ಅನ್ನಕ್ಕಿಲ್ಲ. ಅನ್ನ ಕೊಟ್ಟೈತೆ, ಒಳ್ಳೆ ಗೆಳೇರ್ನ ಕೊಟ್ಟೈತೆ. ಆದ್ರೆ ಕೊಲ್ಲದು ಚೆಂದ ಅನ್ನಿಸ್ತಿರೋಗಂಟ ನೀನ್ ಓಗ್ಬ್ಯಾಡ. ಚೆಂದ ಅಲ್ಲ ಅಂತ ಗೊತ್ತಾದ್ಮ್ಯಾಕೆ ಬೇಕಾದ್ರೆ ಓಗು. ಅಂಗ್ ಓಗೋನು ಹೊಡಿಯಾಕ್ ಮುಂಚೆ ಒಂದ್ಸಲ ಕೂಗ್ತಾನೆ."

ಮೈಸೂರಿಗೆ ಹೋಗಬೇಕಾದ ದಿನ ಪುಟ್ಟರಾಜು ಹೋಗಲಿಲ್ಲ. ಕುಳ್ಳಯ್ಯನ ಆಡುಗಳನ್ನು ಹೊಡೆದುಕೊಂಡು ನಾಲೆಯ ಕಡೆ ಹೋದ. ಮುದುಕ ಏಳುವವರೆಗೂ ಅದೇ ಅವನ ಕೆಲಸವಾಯಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ದಿನ ಒಬ್ಬಟ್ಟು ಮಾಡಿದೆ. ಗೆದ್ದೆ ಎಂದುಕೊಂಡೆ.

ಚಳಿ ಹಿಂದಾಗುತ್ತಿದ್ದ ಹಾಗೆ ಊರಿಗೆ ಹುಚ್ಚು ನಾಯಿ ಹೊಕ್ಕಿತು. ಬೆಳಗ್ಗೆಯೇ ಒಂದು ಕರುವನ್ನೂ ಒಬ್ಬ ಹೆಂಗಸನ್ನೂ ಕಚ್ಚಿತ್ತು. ಚಿಕ್ಕಮಾದಯ್ಯ ನಾಲ್ಕು ಜನರೊಂದಿಗೆ ನಮ್ಮ ಬಾಗಿಲಿಗೆ ಬಂದ. ಚಿಕ್ಕಸ್ವಾಮಿ ಜಗಲಿಯ ಮೇಲೆ ಎಡಗೈಯಲ್ಲಿ ಬೀಡಿ ಹಿಡಿದು ಕೂತಿದ್ದ. ಮಡಿಸಲಾಗದ ಬಲಗೈ ತೊಡೆಯ ಮೇಲಿತ್ತು. ಅವರು ಅವನ ಕಡೆ ನೋಡಲೂ ಇಲ್ಲ.

"ಮೇಡಮ್ಮಾರೆ, ಪುಟ್ಟರಾಜು ಎಲ್ಲವ್ನೆ? ಕಳ್ಸಿ ಒಸಿ," ಎಂದ ಚಿಕ್ಕಮಾದಯ್ಯ.

ನನ್ನ ಮೈಯೆಲ್ಲ ಉರಿದುಹೋಯಿತು. ತಮ್ಮನ ಕೈ ಕೆಟ್ಟಿತೆಂದು ಮಗನ ಕೈಗೆ ಬಂದಿದ್ದರು. "ನಿಮ್ಮ ಮನೇಲಿ ಗಂಡುಮಕ್ಳು ಸತ್ತೋಗವ್ರಾ?" ಎಂದೆ. ಅಷ್ಟರಲ್ಲಿ ಪುಟ್ಟರಾಜು ಹೊರಗೆ ಬಂದ. ಮಾವನ ಮುಖ ನೋಡಿದ. ಹುಡುಗ ದೊಣ್ಣೆ ತೆಗೆದುಕೊಂಡು ಬೀದಿಗಿಳಿದು, ಮೊದಲು ಈ ತುದಿಯಿಂದ ಆ ತುದಿಗೆ ಕೂಗುತ್ತ ನಡೆದ, "ಮಕ್ಳುನ್ನ ಒಳಕ್ಕೆ ಕರ್ಕಳಿ, ಬಾಗ್ಲಾಕಳಿ." ಎರಡು ಸಲ ಕೂಗಿದ. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಅವನೊಬ್ಬನೇ ಉಳಿದ.

ಬಾಗಿಲ ಸಂದಿನಿಂದ ನನಗೆ ಸದ್ದು ಮಾತ್ರ ಕೇಳಿಸಿತು. ನಾಯಿ ಒಂದೇ ಏಟಿಗೆ ಸಾಯಲಿಲ್ಲ. ಗೊರಗೊರ ಎನ್ನುವ ಅದರ ದನಿ ನಿಲ್ಲುವವರೆಗೆ ದೊಣ್ಣೆ ನೆಲಕ್ಕೂ ಮೂಳೆಗೂ ಬೀಳುತ್ತಲೇ ಇತ್ತು. ಆಮೇಲೆ ಬಹಳ ಹೊತ್ತು ಅವನು ಬರಲಿಲ್ಲ. ಕಣದ ಹಿಂದೆ ಗುಂಡಿ ತೋಡಿ ಹೂತು ಬಂದನಂತೆ. ಬಂದವನು ಬಚ್ಚಲ ಹತ್ತಿರ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡಿದ. ನಾನು ಬೆನ್ನು ಸವರುತ್ತ, ಕೇಳಬಾರದೆಂದರೂ ಕೇಳಿದೆ.

"ಎಂಗಾಯ್ತಪ್ಪ?"

"ಕಡೇಗಂಟ ನನ್ ಮುಖಾನೇ ನೋಡ್ತಿತ್ತು. ಚೆಂದಾಗಿರ್ನಿಲ್ಲ ಕಣವ್ವ," ಎಂದು ಅತ್ತುಬಿಟ್ಟ.

ಅವನನ್ನು ತಬ್ಬಿಕೊಂಡು ನಾನೂ ಅತ್ತೆ. ನನ್ನ ಮಗ ನನಗೆ ಹಿಂದಿರುಗಿ ಬಂದಿದ್ದ. ಆಗ ಜಗಲಿಯಿಂದ ಚಿಕ್ಕಸ್ವಾಮಿಯ ದನಿ ಬಂತು.

"ಅಕ್ಕ, ಇನ್ನು ಅವ್ನು ಓಗ್ಬೋದು ಬುಡು."

ಬೇಡ ಎನ್ನಲು ನನ್ನ ಹತ್ತಿರ ಇದ್ದದ್ದು, ಕೊಲ್ಲುವುದು ಚೆಂದ ಅನ್ನಿಸುವವರೆಗೆ ಹೋಗಬೇಡ ಎಂಬ ಅದೊಂದೇ ಮಾತು. ಅದನ್ನೂ ಅವರಿಬ್ಬರು ಮುಗಿಸಿದ್ದರು. ಮುಂದಿನ ವರ್ಷ ಮತ್ತೆ ಮೈಸೂರಿನಲ್ಲಿ ಹುಡುಗರನ್ನು ಆರಿಸಿದಾಗ ಪುಟ್ಟರಾಜು ಹೊರಟ, ಮತ್ತು ಬೈದುಕೊಂಡೇ ಬುತ್ತಿ ಕಟ್ಟಿಕೊಟ್ಟವಳು ನಾನೇ.